ಓದುಗರ ಪ್ರಶ್ನೆ: ಹೋಸೆ ರಿಸಾಲ್ ಬಾಳಲ್ಲಿ ಅಷ್ಟೊಂದು ಪ್ರೇಮ ಇತ್ತಲ್ಲ, ಮದುವೆ ಯಾಕೆ ಆಗ್ಲಿಲ್ಲ?

ಫಿಲಿಪೀನ್ಸ್‌ನ ಹೋಸೆ ರಿಸಾಲ್ ಬಗ್ಗೆ ಓದೋಕೆ ಶುರು ಮಾಡಿದೋರು ಸುತ್ತಿ ಬಳಸಿ ಇದೇ ಪ್ರಶ್ನೆಗೆ ಬಂದು ನಿಲ್ತಾರೆ. ಕಣ್ಣಿನ ಡಾಕ್ಟರು, ಕಾದಂಬರಿಕಾರ, ಹೋದ ಊರಲ್ಲೆಲ್ಲಾ ಒಂದೊಂದು ಹುಡುಗಿ ಹೆಸರು ಕೇಳಿಬರುತ್ತೆ, ಆದ್ರೂ 35ನೇ ವಯಸ್ಸಲ್ಲಿ ಗುಂಡಿಗೆ ಬಲಿಯಾಗೋ ಹಿಂದಿನ ದಿನದವರೆಗೂ ಚರ್ಚಲ್ಲಿ ನಿಂತು ಮದುವೆ ಅಂತ ಆಗಿರ್ಲಿಲ್ಲ. ಹಾಗಾದ್ರೆ ಬರೀ ಚೆಲ್ಲಾಟದ ಆಸಾಮಿನಾ ಅಂತ ಕೇಳ್ತಾರೆ. ಒಂಚೂರು ಚೆಲ್ಲಾಟ ಇತ್ತು, ಇಲ್ಲ ಅನ್ನಲ್ಲ. ಆದ್ರೆ ಗಟ್ಟಿಯಾಗಿದ್ದ ಸಂಬಂಧಗಳನ್ನ ಮಾತ್ರ ತಗೊಂಡು ನೋಡಿದ್ರೆ, ಅವನು ಕಾದಂಬರಿಲಿ ಯಾರ ವಿರುದ್ಧ ಬರೆದ್ನೋ ಆ ಪಾದ್ರಿಗಳ ಅಧಿಕಾರ, ಧರ್ಮದ ಜಗಳ, ಇವೇ ಬಂದು ಅಡ್ಡ ನಿಂತಿದ್ವು ಅನ್ನೋದು ನನ್ನ ಲೆಕ್ಕ.

ಹಿನ್ನೆಲೆ ಗೊತ್ತಿಲ್ದೆ ಇದು ಅರ್ಥ ಆಗಲ್ಲ. ಆಗ ಫಿಲಿಪೀನ್ಸ್ ಸ್ಪೇನ್ ಕೈಲಿತ್ತು. ರಿಸಾಲ್ 1861ರಲ್ಲಿ ಲಗೂನಾ ಪ್ರಾಂತ್ಯದ ಕಲಂಬಾದಲ್ಲಿ ಹುಟ್ಟಿದ್ದು, ಹನ್ನೊಂದು ಮಕ್ಕಳಲ್ಲಿ ಏಳನೆಯವನು. ಅವರ ಮನೆಯೋರು ಉಳುತ್ತಿದ್ದ ಜಮೀನು ಡೊಮಿನಿಕನ್ ಅನ್ನೋ ಕ್ಯಾಥೊಲಿಕ್ ಸಂಘದ ಪಾದ್ರಿಗಳ ಎಸ್ಟೇಟ್‌ಗೆ ಸೇರಿದ್ದು, ವರ್ಷಾ ವರ್ಷಾ ಗೇಣಿ ಕಟ್ಟಬೇಕಿತ್ತು. 1872ರಲ್ಲಿ ಗೋಮೆಸ್, ಬುರ್ಗೋಸ್, ಸಮೋರಾ ಅಂತ ಮೂರು ಜನ ಸ್ಥಳೀಯ ಪಾದ್ರಿಗಳನ್ನ ಸ್ಪೇನ್ ಸರ್ಕಾರ ದಂಗೆ ಎಬ್ಬಿಸಿದ್ರು ಅಂತ ಹೇಳಿ ಸಾಯಿಸ್ತು, ರಿಸಾಲ್‌ನ ಅಣ್ಣ ಪಾಸಿಯಾನೋ ಈ ಬುರ್ಗೋಸ್‌ಗೆ ತುಂಬಾ ಹತ್ತಿರದವನು. ಅದಕ್ಕೇ ತಮ್ಮನನ್ನ ಮನಿಲಾದ ಅತೆನೆಯೋ ಶಾಲೆಗೆ ಸೇರಿಸುವಾಗ ಮನೆತನದ ಮೆರ್ಕಾದೋ ಅನ್ನೋ ಹೆಸರು ಬಿಟ್ಟು ರಿಸಾಲ್ ಅಂತ ಹಾಕಿಸಿದ್ರು. ಸ್ಕೂಲಿಗೆ ಹೋಗೋ ಹುಡುಗ ಹೆಸರನ್ನೂ ಹುಷಾರಾಗಿ ಇಟ್ಕೋಬೇಕಾದ ಕಾಲ ಅದು.

ಅತೆನೆಯೋದಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡು 1877ರಲ್ಲಿ ಮುಗಿಸಿದ, ಆಮೇಲೆ ಸಾಂತೋ ತೋಮಾಸ್ ಯೂನಿವರ್ಸಿಟಿಲಿ ಮೆಡಿಕಲ್, ಯಾಕಂದ್ರೆ ತಾಯಿ ತೆಯೊದೋರಾಗೆ ಕಣ್ಣು ಮಂಜಾಗ್ತಾ ಇತ್ತು. 16ನೇ ವಯಸ್ಸಲ್ಲಿ ಮೊದಲ ಮೋಹ, ಲಿಪಾ ಊರಿನ ಸೆಗುಂಡಾ ಕತಿಗ್ಬಾಕ್, ಆದ್ರೆ ಆ ಹುಡುಗಿಗೆ ಮೊದಲೇ ಬೇರೆಯವರ ಜೊತೆ ನಿಶ್ಚಯ ಆಗಿತ್ತು, ಇವನೂ ಬಾಯಿ ಬಿಡಲಿಲ್ಲ, ಅಲ್ಲಿಗೆ ಮುಗೀತು.

ನಿಜವಾದ ಕಥೆ ಲಿಯೊನೋರ್ ರಿವೇರಾದು. ಸಂಬಂಧಿಕರ ಹುಡುಗಿನೇ, ಮನಿಲಾದಲ್ಲಿ ಓದುವಾಗ ಪರಿಚಯ ಆಯ್ತು, ಮದುವೆ ಆಗ್ತೀವಿ ಅಂತ ಇಬ್ಬರ ನಡುವೆ ಮಾತೂ ಆಯ್ತು. 1882ರ ಮೇ 3ಕ್ಕೆ ರಿಸಾಲ್ ಅಪ್ಪ ಅಮ್ಮನಿಗೂ ಹೇಳದೆ ಅಣ್ಣನ ಸಹಾಯದಿಂದ ಹಡಗು ಹತ್ತಿಬಿಟ್ಟ, ಸಿಂಗಾಪುರ, ಕೊಲಂಬೊ ಕಡೆಯಿಂದ ಸೂಯೆಜ್ ದಾಟಿ ಮಾರ್ಸೇಲ್ಸ್, ಅಲ್ಲಿಂದ ಸ್ಪೇನ್. ಮ್ಯಾಡ್ರಿಡ್‌ನಲ್ಲಿ 1884ಕ್ಕೆ ಡಾಕ್ಟರಿಕೆಯ ಲೈಸೆನ್ಸ್, ಮುಂದಿನ ವರ್ಷ ಸಾಹಿತ್ಯ ತತ್ವಶಾಸ್ತ್ರದ ಪದವಿ, ಆಮೇಲೆ ಕಣ್ಣಿನ ಕೆಲಸ ಕಲಿಯೋಕೆ ಪ್ಯಾರಿಸ್‌ನ ಲೂಯಿ ದ ವೆಕರ್ ಹತ್ರ, ಹೈಡಲ್‌ಬರ್ಗ್‌ನ ಒಟ್ಟೋ ಬೆಕರ್ ಹತ್ರ. 1887ರ ಮಾರ್ಚಲ್ಲಿ ಬರ್ಲಿನ್‌ನಲ್ಲಿ ಅವನ ಮೊದಲ ಕಾದಂಬರಿ 'ನೋಲಿ ಮೆ ತಾಂಹೆರೆ' ಪ್ರಿಂಟ್ ಆಯ್ತು, ಕೈಲಿ ಕಾಸಿಲ್ಲ, ಮಾಕ್ಸಿಮೋ ವಿಯೋಲಾ ಅನ್ನೋ ಗೆಳೆಯ 300 ಪೆಸೊ ಕೊಟ್ಟಿದ್ದಕ್ಕೆ 2000 ಪ್ರತಿ ಹೊರಗೆ ಬಂತು. ಪಾದ್ರಿಗಳ ದಬ್ಬಾಳಿಕೆಯನ್ನ ಬಿಚ್ಚಿಟ್ಟ ಪುಸ್ತಕ.

ಅದೇ ವರ್ಷ ಆಗಸ್ಟಲ್ಲಿ ಊರಿಗೆ ವಾಪಸ್ ಬಂದ. ಐದು ವರ್ಷದಿಂದ ಕಾಯ್ತಾ ಇದ್ದ ಹುಡುಗಿ ದಗುಪಾನ್‌ನಲ್ಲಿ ಇದ್ದಾಳೆ, ಹೋಗಿ ನೋಡಬಹುದಿತ್ತಲ್ವಾ? ರಿಸಾಲ್ ಅಪ್ಪ ಬೇಡ ಅಂದ್ರು. ಈ ಪುಸ್ತಕ ಬರೆದೋನು ಮನೆಗೆ ಬಂದ ಅಂತ ಗೊತ್ತಾದ್ರೆ ಅವರ ಮನೆಯೋರಿಗೂ ಕಷ್ಟ ಬರುತ್ತೆ ಅನ್ನೋ ಭಯ. ಇವನು ಹೋಗಲಿಲ್ಲ. ಮುಂದಿನ ವರ್ಷ ಫೆಬ್ರವರಿಲಿ ಮತ್ತೆ ದೇಶ ಬಿಟ್ಟ. ಲಿಯೊನೋರ್ ತಾಯಿಗಂತೂ ಸರ್ಕಾರದ ಕಣ್ಣಿಗೆ ಬಿದ್ದಿರೋ ಅಳಿಯ ಬೇಕಾಗಿರ್ಲಿಲ್ಲ, ಅವನ ಪತ್ರಗಳು ಮಗಳ ಕೈಗೆ ಸೇರದ ಹಾಗೆ ನೋಡ್ಕೊಂಡ್ಳು, ಕೊನೆಗೆ ಆ ಹುಡುಗಿ ರೈಲ್ವೆ ಕೆಲಸಕ್ಕೆ ಬಂದಿದ್ದ ಹೆನ್ರಿ ಕಿಪ್ಪಿಂಗ್ ಅನ್ನೋ ಇಂಗ್ಲಿಷ್ ಇಂಜಿನಿಯರ್‌ನ ಮದುವೆ ಆದ್ಳು, 1893ರಲ್ಲಿ ತೀರ್ಕೊಂಡ್ಳು. ಇಲ್ಲಿ ನಂಗೆ ತಾಯಿ ಮೇಲೆ ಬರೋದಕ್ಕಿಂತ ಹೆಚ್ಚು ಸಿಟ್ಟು ರಿಸಾಲ್ ಮೇಲೆ ಬರುತ್ತೆ, ಯಾಕಂದ್ರೆ ಆ ಮಧ್ಯೆ 1888ರಲ್ಲಿ ಜಪಾನ್‌ನಲ್ಲಿ ಓ-ಸೇ-ಸಾನ್ ಅನ್ನೋ ಹುಡುಗಿ ಜೊತೆ ಒಂದೂವರೆ ತಿಂಗಳು ಊರು ಸುತ್ತಿದ್ದ, ಅಮೆರಿಕ ದಾಟಿ ಲಂಡನ್‌ಗೆ ಹೋದ್ಮೇಲೆ ಬಾಡಿಗೆಗಿದ್ದ ಮನೆ ಮಗಳು ಗರ್ಟ್ರೂಡ್ ಬೆಕೆಟ್ ಜೊತೆಗೂ ಸಲಿಗೆ ಇತ್ತು. ಕಾಯೋ ಕೆಲಸ ಮಾತ್ರ ಹುಡುಗಿದಾ?

ಲಂಡನ್‌ನಲ್ಲಿ ಹಗಲೆಲ್ಲಾ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೂತು, 1609ರಲ್ಲಿ ಬಂದಿದ್ದ ಮೋರ್ಗಾ ಅನ್ನೋ ಸ್ಪೇನ್ ಅಧಿಕಾರಿಯ ಇತಿಹಾಸಕ್ಕೆ ಟಿಪ್ಪಣಿ ಬರೀತಿದ್ದ, ಸ್ಪೇನ್ ಬರೋ ಮೊದಲೂ ನಮಗೆ ನಾಗರಿಕತೆ ಇತ್ತು ಅಂತ ತೋರಿಸೋದು ಉದ್ದೇಶ.

1891ರಲ್ಲಿ ಫ್ರಾನ್ಸಿನ ಬಿಯಾರಿಟ್ಜ್‌ನಲ್ಲಿ ನೆಲ್ಲಿ ಬೂಸ್ಟೆಡ್. ಲಿಯೊನೋರ್ ಸುದ್ದಿ ಕೇಳಿ ಮನಸ್ಸು ಮುರಿದಿತ್ತು, ಈ ಸಲ ಮದುವೆ ಬಗ್ಗೆ ನಿಜವಾಗ್ಲೂ ಯೋಚ್ನೆ ಮಾಡಿದ. ಆದ್ರೆ ನೆಲ್ಲಿ ಪ್ರಾಟೆಸ್ಟಂಟ್, ನೀನೂ ನಮ್ಮ ಪಂಗಡಕ್ಕೆ ಬಾ ಅಂದ್ಳು, ಇವನು ಒಪ್ಪಲಿಲ್ಲ, ಅವಳ ತಾಯಿಗೂ ಕಾಸಿಲ್ಲದ ಡಾಕ್ಟರು ಇಷ್ಟ ಆಗ್ಲಿಲ್ಲ. ಕ್ಯಾಥೊಲಿಕ್ ಪಾದ್ರಿಗಳನ್ನ ಅಷ್ಟು ಬೈದೋನು ಮದುವೆಗೋಸ್ಕರ ಧರ್ಮ ಬದಲಾಯಿಸಲ್ಲ ಅಂದಿದ್ದು ನೋಡಿದ್ರೆ ಮನುಷ್ಯನ ಹಠ ಎಂಥದ್ದು ಅಂತ ಗೊತ್ತಾಗುತ್ತೆ. ಆ ವರ್ಷ ಸೆಪ್ಟೆಂಬರಲ್ಲಿ ಬೆಲ್ಜಿಯಂನ ಗೆಂಟ್‌ನಲ್ಲಿ ಎರಡನೇ ಕಾದಂಬರಿ 'ಎಲ್ ಫಿಲಿಬುಸ್ತೆರಿಸ್ಮೋ' ಬಂತು, 1872ರಲ್ಲಿ ಸತ್ತ ಆ ಮೂರೂ ಪಾದ್ರಿಗಳಿಗೆ ಅರ್ಪಣೆ ಮಾಡಿದ್ದ.

1892ರಲ್ಲಿ ಮನಿಲಾಗೆ ಬಂದು ಲಿಗಾ ಫಿಲಿಪಿನಾ ಅನ್ನೋ ಸಂಘ ಕಟ್ಟಿದ, ಮೂರೇ ದಿನಕ್ಕೆ ಅರೆಸ್ಟ್, ದಕ್ಷಿಣದ ದ್ವೀಪದಲ್ಲಿರೋ ದಪಿತಾನ್‌ಗೆ ಗಡಿಪಾರು. ನಾಲ್ಕು ವರ್ಷ ಅಲ್ಲೇ. ಲಾಟರಿ ದುಡ್ಡು ಬಂತು, ಜಮೀನು ತಗೊಂಡ, ಹುಡುಗರಿಗೆ ಪಾಠ ಹೇಳಿದ, ಊರಿಗೆ ನೀರಿನ ವ್ಯವಸ್ಥೆ ಮಾಡಿದ, ಕಣ್ಣು ತೋರಿಸೋಕೆ ದೂರದಿಂದ ಜನ ಬರ್ತಿದ್ರು. ಹಾಗೆ 1895ರಲ್ಲಿ ಕಣ್ಣು ಕಳ್ಕೊಂಡಿದ್ದ ಸಾಕುತಂದೆ ಜಾರ್ಜ್ ಟೌಫರ್‌ನ ಕರ್ಕೊಂಡು ಹಾಂಗ್‌ಕಾಂಗ್‌ನಿಂದ ಬಂದೋಳೇ ಜೋಸೆಫೀನ್ ಬ್ರಾಕನ್, ಐರಿಷ್ ಮೂಲದ ಹುಡುಗಿ, ವಯಸ್ಸು 18.

ಇಲ್ಲಿ ಮಾತ್ರ ಇಬ್ಬರೂ ರೆಡಿ ಇದ್ರು. ಆದ್ರೆ ಚರ್ಚಿನವರು, ನೀನು ಬರೆದಿದ್ದೆಲ್ಲಾ ತಪ್ಪು ಅಂತ ಹಿಂತಗೊಂಡ್ರೆ ಮಾತ್ರ ಮದುವೆ ಅಂದ್ರು. ಕಾನೂನಿನ ಮದುವೆಗೆ ಅಲ್ಲಿ ದಾರಿ ಇರ್ಲಿಲ್ಲ. ಇವನು ಬರೆದುಕೊಡಲಿಲ್ಲ, ಇಬ್ಬರೂ ಗಂಡ ಹೆಂಡ್ತಿ ಥರಾನೇ ಒಟ್ಟಿಗೆ ಬಾಳಿದ್ರು, ಅಕ್ಕತಂಗಿಯರಿಗೆ ಅವಳ ಮೇಲೆ ಅನುಮಾನ ಇತ್ತು, ದಿನ ತುಂಬದೆ ಹುಟ್ಟಿದ ಮಗುವೂ ಉಳೀಲಿಲ್ಲ.

1896ರಲ್ಲಿ ಸ್ಪೇನ್ ವಿರುದ್ಧ ದಂಗೆ ಎದ್ದಾಗ ಅದಕ್ಕೆ ಇವನೇ ಪ್ರೇರಣೆ ಅಂತ ಸರ್ಕಾರ ಆರೋಪ ಹೊರಿಸ್ತು, ಡಿಸೆಂಬರ್ 30ರ ಬೆಳಿಗ್ಗೆ ಮನಿಲಾದ ಬಗುಂಬಾಯನ್‌ನಲ್ಲಿ ಗುಂಡು ಹೊಡೆದ್ರು. ಅದಕ್ಕೂ ಸ್ವಲ್ಪ ಮುಂಚೆ ಅವನು ತನ್ನ ಮಾತು ಹಿಂತಗೊಂಡ, ಜೋಸೆಫೀನ್ ಜೊತೆ ಜೈಲಲ್ಲೇ ಮದುವೆ ಆಯ್ತು ಅಂತ ಜೆಸ್ಯೂಟ್ ಅನ್ನೋ ಇನ್ನೊಂದು ಸಂಘದ ಪಾದ್ರಿಗಳು ಹೇಳಿದ್ರು. 1935ರಲ್ಲಿ ಸಹಿ ಇರೋ ಕಾಗದವೊಂದು ಮನಿಲಾದ ಚರ್ಚ್ ದಾಖಲೆಗಳಲ್ಲಿ ಸಿಕ್ತು, ಅದು ಅಸಲೋ ನಕಲಿಯೋ ಅಂತ ಫಿಲಿಪೀನ್ಸ್ ಜನ ಇವತ್ತಿಗೂ ಕಿತ್ತಾಡ್ತಾರೆ. ಜೋಸೆಫೀನ್‌ಗೆ ಕೊಟ್ಟ ಭಕ್ತಿ ಪುಸ್ತಕದಲ್ಲಿ 'ನನ್ನ ಹೆಂಡತಿಗೆ' ಅಂತ ಬರೆದಿದ್ದ ಅಂತಾರೆ, ಆದ್ರೆ ಕೊನೆ ಕವಿತೆಲಿ ಅವಳನ್ನ ಕರೆದಿದ್ದು ಪರದೇಶದವಳು, ಗೆಳತಿ, ನನ್ನ ಸಂತೋಷ ಅಂತ ಮಾತ್ರ. ನನ್ನ ಕೇಳಿದ್ರೆ, ದಪಿತಾನ್‌ನಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿದ್ರೆ ಮದುವೆಯೂ ಆಗ್ತಿತ್ತು, ಬಹುಶಃ ಜೀವವೂ ಉಳೀತಿತ್ತು, ಆಗ ಹಾಕದೋನು ಕೊನೇ ರಾತ್ರಿ ಹಾಕಿದ್ದು ನಿಜವೇ ಆದ್ರೆ ಅದು ಅವಳಿಗೋಸ್ಕರ ಇದ್ದರೂ ಇರಬಹುದು. ಜೋಸೆಫೀನ್ ಆಮೇಲೆ ಕವಿತೆಗೆ ಹೋಗಿ ಕ್ರಾಂತಿಕಾರಿಗಳ ಜೊತೆ ಇದ್ಳು, ಅದು ಕಾವ್ಯದ ಕವಿತೆ ಅಲ್ಲ ಮತ್ತೆ, ಮನಿಲಾ ಪಕ್ಕದ ಕವಿತೆ ಅನ್ನೋ ಪ್ರಾಂತ್ಯ. ಅಲ್ಲಿಂದ ಹಾಂಗ್‌ಕಾಂಗ್‌ಗೆ ವಾಪಸ್ ಹೋಗಿ ಇನ್ನೊಂದು ಮದುವೆ ಆಗಿ 1902ರಲ್ಲಿ ಕ್ಷಯದಿಂದ ತೀರ್ಕೊಂಡ್ಳು.