ಎನ್‌ಹ್ಯಾನ್ಸರ್ ನಾಬ್ ಎಂಟಕ್ಕೆ ತಿರುಗಿಸಿದ್ರೆ ಗಿಟಾರ್ ಎಲ್ಲಿಗೆ ಹೋಗತ್ತೆ?

ಮೂರು ವಾರದ ಹಿಂದೆ ಒಬ್ಬ ಹುಡುಗ ಸ್ಕೂಟರ್ ಮುಂದೆ ರ‍್ಯಾಕ್ ಕೇಸ್ ಇಟ್ಕೊಂಡು ನನ್ನ ವರ್ಕ್‌ಶಾಪಿಗೆ ಬಂದ. ಮೆಟಲ್ ಬ್ಯಾಂಡಲ್ಲಿ ನುಡಿಸ್ತಾನೆ, ಗಣೇಶನ ಸೀಸನ್ ಬಂದ್ರೆ ಆರ್ಕೆಸ್ಟ್ರಾಗೂ ಹೋಗ್ತಾನೆ, ಕೈ ಖರ್ಚಿಗೆ ಬೇಕಲ್ಲ. "ಅಣ್ಣ, ಈ ಸೋನಿಕ್ ಮ್ಯಾಕ್ಸಿಮೈಜರ್ ಸೆಕೆಂಡ್ ಹ್ಯಾಂಡಲ್ಲಿ ತಗೊಂಡೆ, ಮನೇಲಿ ಹಾಕಿದ್ರೆ ಬೆಂಕಿ ಸೌಂಡು, ಸ್ಟೇಜಿಗೆ ಹೋದ್ರೆ ಎಲ್ರೂ ಗಿಟಾರೇ ಕೇಳಲ್ಲ ಅಂತಾರೆ, ಒಳಗೆ ಏನೋ ಲೂಸ್ ಕನೆಕ್ಷನ್ ಇರ್ಬೇಕು, ನೋಡಿ" ಅಂದ.

ಗಿಟಾರ್ ಸೌಂಡಿಗೆ ಹೊಳಪು ಕೊಡೋ ಎನ್‌ಹ್ಯಾನ್ಸರ್ ಡಬ್ಬ ಅದು. ಮುಚ್ಚಳ ಬಿಚ್ಚೋದೇ ಬೇಕಾಗ್ಲಿಲ್ಲ. ಬಾಸ್ ಎತ್ತೋ ಲೋ ಕಾಂಟೂರ್ ನಾಬ್ ಏಳು, ಟ್ರೆಬಲ್ ಎತ್ತೋ ಪ್ರೋಸೆಸ್ ನಾಬ್ ಎಂಟು. ಆಂಪಲ್ಲಿ ಮಿಡ್, ಅಂದ್ರೆ ನಡುವಿನ ಸ್ವರಗಳ ನಾಬ್, ಎಷ್ಟಿದೆ ಅಂತ ಕೇಳ್ದೆ, "ಮೂರು, ಮೆಟಲ್ ಅಲ್ವಾ" ಅಂದ. ತಂತಿ ಬದಲಾಯಿಸಿ ಎಷ್ಟು ದಿನ ಆಯ್ತಪ್ಪ ಅಂದ್ರೆ ತಲೆ ಕೆರ್ಕೊಂಡ.

ಈ ಡಬ್ಬದ ಬಗ್ಗೆ ನನ್ ಹತ್ರ ಬರೋ ಹುಡುಗರಲ್ಲಿ ಎರಡೇ ಪಕ್ಷ, ಒಂದು "ಇದಿಲ್ದೆ ನುಡಿಸೋದೇ ಇಲ್ಲ" ಅನ್ನೋರು, ಇನ್ನೊಂದು "ಅದೆಲ್ಲ ಮೋಸ ಅಣ್ಣ, ಟ್ರೆಬಲ್ ಬಾಸ್ ಜಾಸ್ತಿ ಮಾಡತ್ತೆ ಅಷ್ಟೇ" ಅನ್ನೋರು. ಇಬ್ರೂ ಅರ್ಧ ಸರಿ. ಅದು ನಿಜವಾಗ್ಲೂ ಏನು ಮಾಡತ್ತೆ ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಅದು ಗೊತ್ತಾದ್ರೆ ನಾಬ್ ಎಲ್ಲಿಡಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ.

ಮೊದಲು ಹೆಸರಿನ ಗೊಂದಲ. ಎನ್‌ಹ್ಯಾನ್ಸರ್, ಎಕ್ಸೈಟರ್, ಮ್ಯಾಕ್ಸಿಮೈಜರ್ ಎಲ್ಲಾನೂ ಒಂದೇ ಅಂತ ಅಂಗಡಿಯವರೂ ಅಂದ್ಕೊಂಡಿದಾರೆ. ಎಕ್ಸೈಟರ್ ಅಂದ್ರೆ ಆಫೆಕ್ಸ್ ಕಂಪನಿದು, 70ರ ದಶಕದ ನಡುವೆ ಬಂದಿದ್ದು, ಶುರುನಲ್ಲಿ ಅದನ್ನ ಮಾರ್ತಾನೇ ಇರ್ಲಿಲ್ಲ, ಸ್ಟುಡಿಯೋಗಳಿಗೆ ಬಾಡಿಗೆಗೆ ಕೊಡ್ತಿದ್ರು, ಅದೂ ಮುಗಿದ ಹಾಡು ಎಷ್ಟು ನಿಮಿಷ ಇದೆಯೋ ಅಷ್ಟಕ್ಕೆ ನಿಮಿಷದ ಲೆಕ್ಕ. ಹುಟ್ಟಿದ್ದೂ ತಪ್ಪಿನಿಂದಲೇ ಅಂತ ಕತೆ: ಕಿಟ್ ತಂದು ಜೋಡಿಸಿದ ಸ್ಟೀರಿಯೋ ಆಂಪ್ಲಿಫೈಯರಲ್ಲಿ ಒಂದು ಚಾನೆಲ್ ಎಡವಟ್ಟಾಗಿ ಸಣ್ಣಗೆ, ಒಡೆದ ಹಾಗೆ ಕೇಳ್ತಿತ್ತಂತೆ, ಆದ್ರೆ ಎರಡೂ ಚಾನೆಲ್ ಒಟ್ಟಿಗೆ ಕೇಳಿದ್ರೆ ಹಾಡು ಇನ್ನೂ ಸ್ಪಷ್ಟ ಅನ್ನಿಸ್ತಂತೆ. ಅಂದ್ರೆ ಎಕ್ಸೈಟರ್ ಕೆಲಸ ಇಷ್ಟೇ, ಮೇಲಿನ ಫ್ರೀಕ್ವೆನ್ಸಿಯನ್ನ ಬೇರೆ ಮಾಡಿ, ಅದಕ್ಕೆ ಹದವಾಗಿ ಡಿಸ್ಟಾರ್ಶನ್ ಕೊಟ್ಟು (ಬೇಕಂತಲೇ ಸೌಂಡ್ ಒಡೆದು) ಹೊಸ ಹಾರ್ಮೋನಿಕ್ಸ್, ಅಂದ್ರೆ ಮೂಲ ಸ್ವರದ ಮೇಲೆ ಕೇಳೋ ಉಪಸ್ವರ, ಹುಟ್ಟಿಸಿ, ಮೂಲಕ್ಕೆ ಸ್ವಲ್ಪವೇ ಬೆರೆಸೋದು. ನಮ್ಮ ತಂಬೂರಿ ಕುದುರೆ ಮೇಲೆ ತಂತಿ ಕೆಳಗೆ ಒಂದೆಳೆ ದಾರ ಸರಿಸಿ ಜೀವ ಕೂರಿಸ್ತಾರಲ್ಲ, ಅದೂ ಹೆಚ್ಚುಕಮ್ಮಿ ಇದೇ ಕೆಲಸ, ಕರೆಂಟ್ ಇಲ್ದೆ.

ಡಿಸ್ಟಾರ್ಶನ್ ಗಿಟಾರಿಗೆ ಎಕ್ಸೈಟರ್ ನಾನು ಹಾಕಲ್ಲ. ಅಲ್ಲಿ ಆಗ್ಲೇ ಬೇಕಾದ್ದಕ್ಕಿಂತ ಹಾರ್ಮೋನಿಕ್ಸ್ ಇವೆ, ಇನ್ನೂ ಹುಟ್ಟಿಸಿದ್ರೆ ಮರಳು ಕೇರಿದ ಹಾಗೆ ಚರಚರ. ಕ್ಲೀನ್ ಗಿಟಾರಿಗೆ, ಅಕೌಸ್ಟಿಕ್ ಪಿಕಪ್ಪಿಗೆ ಬೇಕಾದ್ರೆ ಚೆನ್ನಾಗಿರತ್ತೆ.

ಗಿಟಾರ್ ರ‍್ಯಾಕಲ್ಲಿ ಜಾಸ್ತಿ ಕಾಣೋದು ಎರಡನೇ ಜಾತಿ, ಬಿಬಿಇ ಅವರ ಸೋನಿಕ್ ಮ್ಯಾಕ್ಸಿಮೈಜರ್. ಬಿಬಿಇ ಅಂದ್ರೆ ಬಾರ್ಕಸ್ ಬೆರ್ರಿ ಎಲೆಕ್ಟ್ರಾನಿಕ್ಸ್, ಕ್ಯಾಲಿಫೋರ್ನಿಯಾದವರು, 80ರ ದಶಕದಲ್ಲಿ ಗಿಟಾರಿಸ್ಟ್‌ಗಳು ಫ್ರಿಜ್ ಸೈಜಿನ ರ‍್ಯಾಕ್ ಹೊತ್ಕೊಂಡು ಓಡಾಡ್ತಿದ್ದ ಕಾಲದಲ್ಲಿ ಇದು ಮೇಲೆ ಬಂತು. 19 ಇಂಚು ಅಗಲ, ಒಂದೇ ಯೂನಿಟ್ ಎತ್ತರ ಅಂದ್ರೆ ಒಂದೂ ಮುಕ್ಕಾಲು ಇಂಚು. ಇದು ಹೊಸ ಹಾರ್ಮೋನಿಕ್ಸ್ ಹುಟ್ಟಿಸಲ್ಲ. ಕಂಪನಿ ಕೊಡೋ ವಿವರಣೆ ಏನಂದ್ರೆ, ಸ್ಪೀಕರ್ ಕಾಯಿಲ್‌ನ ಗುಣದಿಂದ ಮೇಲಿನ ಸ್ವರ ಹೊರಗೆ ಬರೋದು ಕೆಳಗಿನದಕ್ಕಿಂತ ಒಂಚೂರು ತಡ, ಅದನ್ನ ಮೊದಲೇ ಸರಿದೂಗಿಸೋಕೆ ಸಿಗ್ನಲ್‌ನ ಮೂರು ಭಾಗ ಮಾಡಿ, ಸುಮಾರು 150 ಹರ್ಟ್ಜ್ ಕೆಳಗಿನದನ್ನ 2.5 ಮಿಲಿಸೆಕೆಂಡ್, 150ರಿಂದ 1200 ತನಕದ್ದನ್ನ ಅರ್ಧ ಮಿಲಿಸೆಕೆಂಡ್ ತಡ ಮಾಡಿ, ಮೇಲಿನದನ್ನ ಹಾಗೇ ಮುಂದೆ ಬಿಡೋದು. ಜೊತೆಗೆ ಪ್ರೋಸೆಸ್ ನಾಬ್ ಆ ಮೇಲಿನ ಭಾಗವನ್ನ ಸಿಗ್ನಲ್ ನೋಡ್ಕೊಂಡು ಎತ್ತತ್ತೆ, ಲೋ ಕಾಂಟೂರ್ 50 ಹರ್ಟ್ಜ್ ಸುತ್ತಮುತ್ತ ಎತ್ತತ್ತೆ.

ನನ್ನ ಕಿವಿ ಕೇಳಿದ್ರೆ, ಆ ಮಿಲಿಸೆಕೆಂಡಿನ ಮಾಯೆಗಿಂತ ಈ ಎತ್ತೋ ಕೆಲಸವೇ ಮುಕ್ಕಾಲು ಪಾಲು. ಅದರಲ್ಲಿ ತಪ್ಪೇನಿಲ್ಲ, ಮಾಮೂಲಿ ಈಕ್ಯೂ ನಾಬ್ ತಿರುಗಿಸಿದಂಗೆ ಅಲ್ಲ, ಪಿಕ್ ತಂತಿಗೆ ತಾಗೋ ಆ ಮೊದಲ ಟಕ್ ಇದೆಯಲ್ಲ ಅದು ಎದ್ದು ಬರತ್ತೆ. ಪ್ರೀಆಂಪ್, ಡಿಲೇ, ಇಪ್ಪತ್ತು ಅಡಿ ಕೇಬಲ್ ಎಲ್ಲ ದಾಟಿ ಕಂಬಳಿ ಹೊದ್ಕೊಂಡ ಹಾಗಾಗಿರೋ ಸೌಂಡಿಗೆ ಕಂಬಳಿ ಸರಿಸೋ ಕೆಲಸ. ಆದ್ರೆ ಕಂಬಳಿ ಕೆಳಗೆ ಏನಿದೆಯೋ ಅದೇ ಕಾಣೋದು.

ಈಗ ಹುಡುಗನ ಸಮಸ್ಯೆ. ಗಿಟಾರಿನ ದಪ್ಪ ಇ ತಂತಿ ಬಿಟ್ಟು ಮೀಟಿದ್ರೆ 82 ಹರ್ಟ್ಜ್, ಸಣ್ಣ ಇ ತಂತಿಯ 24ನೇ ಫ್ರೆಟ್ 1318. ಅಂದ್ರೆ ಗಿಟಾರಿನ ಸ್ವರಗಳೆಲ್ಲ ಇರೋದು ಇಷ್ಟರೊಳಗೇ, ಮೇಲಿನದು ಹಾರ್ಮೋನಿಕ್ಸ್, ಗಿಟಾರ್ ಅಂತ ಕಿವಿ ಗುರುತು ಹಿಡಿಯೋದು ಮಿಡ್‌ನಿಂದ. ಲೋ ಕಾಂಟೂರ್ ಏಳು, ಪ್ರೋಸೆಸ್ ಎಂಟು ಅಂದ್ರೆ ಎರಡು ತುದಿ ಎತ್ತಿ ನಡುವೆ ಗುಂಡಿ ತೋಡಿದ ಹಾಗೆ. ರೂಮಲ್ಲಿ ಒಬ್ಬನೇ ಮೆಲ್ಲಗೆ ನುಡಿಸುವಾಗ ಅದು ಸೂಪರ್ ಅನ್ನಿಸತ್ತೆ, ಯಾಕಂದ್ರೆ ಸಣ್ಣ ವಾಲ್ಯೂಮಲ್ಲಿ ನಮ್ಮ ಕಿವಿಗೆ ಬಾಸು ಟ್ರೆಬಲ್ಲು ಎರಡೂ ಕಮ್ಮಿ ಕೇಳೋದು, ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ಗ್ರಾಫ್ ಹಾಕಿಟ್ಟಿದಾರೆ. ಅದೇ ಸೆಟ್ಟಿಂಗ್ ಸ್ಟೇಜಿಗೆ ಹೋದ್ರೆ ಅಲ್ಲಿ ಬೇಸ್ ಗಿಟಾರಿನ ಇ ತಂತಿ 41 ಹರ್ಟ್ಜಲ್ಲಿ ಕೂತಿದೆ, ಕಿಕ್ ಡ್ರಮ್ 60-80ರಲ್ಲಿ ಒದೀತಿದೆ, ಮೇಲೆ ಸಿಂಬಲ್ ಇದೆ. ನೀವು ಎತ್ತಿದ ಎರಡು ಕಡೆನೂ ಬೇರೆಯವರ ಮನೆ, ನಿಮ್ಮ ಸ್ವಂತ ಮನೆ ಖಾಲಿ. ಆಮೇಲೆ ಸೌಂಡ್ ಇಂಜಿನಿಯರ್‌ಗೆ ಬೈಯೋದು. ನಾನೂ ಆ ಕಡೆ ಕೂತು ಬೈಸ್ಕೊಂಡವನೇ.

ಇನ್ನೊಂದು ವಿಷಯ ನಮ್ಮ ದೇಶಕ್ಕೇ ಅಂಟಿಕೊಂಡಿದ್ದು. ಅಮೆರಿಕಾದ ಕರೆಂಟ್ ಲೈನ್ 60 ಹರ್ಟ್ಜ್, ನಮ್ಮದು 50. ಹಮ್, ಅಂದ್ರೆ ಕರೆಂಟಿನ ಗುಂಯ್ ಸದ್ದು, ಬರೋದು ಸರಿಯಾಗಿ ಲೋ ಕಾಂಟೂರ್ ಎತ್ತೋ ಜಾಗದಲ್ಲೇ, ಅರ್ಥಿಂಗ್ ಸರಿಯಿಲ್ಲದ ಪೆಂಡಾಲಲ್ಲಿ ಆ ನಾಬ್ ತಿರುಗಿಸಿದ್ರೆ ಗಿಟಾರ್ ಜೊತೆ ಬೆಸ್ಕಾಂ ಕೂಡ ನುಡಿಸತ್ತೆ. ಹಮ್ ಬಂತು ಅಂತ ಪ್ಲಗ್ಗಿನ ದಪ್ಪ ಪಿನ್ ಕಿತ್ತು ಹಾಕೋರನ್ನ ನೋಡಿದೀನಿ. ದಯವಿಟ್ಟು ಬೇಡ. ಟ್ಯೂಬ್ ಆಂಪ್ ಒಳಗೆ 400 ವೋಲ್ಟ್‌ಗಿಂತ ಜಾಸ್ತಿ ಓಡ್ತಿರತ್ತೆ, ತಂತಿ ನಿಮ್ಮ ಕೈಯಲ್ಲಿರತ್ತೆ, ಮೈಕ್ ತುಟಿಗೆ ತಾಗತ್ತೆ. ಆಂಪು, ರ‍್ಯಾಕು ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಂದ ತಗೊಳಿ, ಆಗ್ಲೂ ಹೋಗ್ಲಿಲ್ಲ ಅಂದ್ರೆ ಆಂಪಿಗೂ ಈ ಡಬ್ಬಕ್ಕೂ ನಡುವಿನ ಕೇಬಲ್ ಮಧ್ಯ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಅಮೆರಿಕಾದಿಂದ ಭಾವ ತಂದುಕೊಟ್ಟಿದ್ದು ಅಂತ ತರೋರು ಹಿಂದ್ಗಡೆ 120 ವೋಲ್ಟ್ ಅಂತ ಬರೆದಿದೆಯಾ ಮೊದಲು ಓದಿ, ಸೀದಾ 230ಕ್ಕೆ ಚುಚ್ಚಿದ್ದನ್ನ ನನ್ ಹತ್ರ ತಂದ್ರೆ ಸುಟ್ಟ ವಾಸನೆ ಬಾಗಿಲಿಂದಲೇ ಬರತ್ತೆ. ಎಸ್‌ಪಿ ರೋಡಲ್ಲಿ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಸಿಗತ್ತೆ, ತಗೊಂಡು ಹಾಕಿ.

ಎಲ್ಲಿ ಜೋಡಿಸಬೇಕು? ಗಿಟಾರಿಂದ ಸೀದಾ ರ‍್ಯಾಕಿಗೆ ಕೇಬಲ್ ಹಾಕೋದು ಎಲ್ಲಕ್ಕಿಂತ ದೊಡ್ಡ ತಪ್ಪು. ಗಿಟಾರ್ ಪಿಕಪ್ಪಿಗೆ ಎದುರುಗಡೆ 1 ಮೆಗಾಓಮ್ ಸುಮಾರಿನ ಇನ್‌ಪುಟ್ ಬೇಕು, ರ‍್ಯಾಕ್ ಸಾಮಾನಿನ ಲೈನ್ ಇನ್‌ಪುಟ್ ಸಾಮಾನ್ಯವಾಗಿ ಹತ್ತಿಪ್ಪತ್ತು ಕಿಲೋಓಮ್ ಲೆಕ್ಕದಲ್ಲಿರತ್ತೆ, ಪಿಕಪ್ ಅಲ್ಲೇ ಸೋತು ಟ್ರೆಬಲ್ ಸಾಯತ್ತೆ. ಅಂದ್ರೆ ಹೊಳಪು ಕೊಡೋಕೆ ತಂದ ಡಬ್ಬವೇ ಹೊಳಪು ತಿನ್ನತ್ತೆ. ಜೊತೆಗೆ ಡಿಸ್ಟಾರ್ಶನ್‌ಗಿಂತ ಮುಂಚೆ ಬಾಸ್ ಎತ್ತಿದ್ರೆ ಪಾಮ್ ಮ್ಯೂಟ್ (ಅಂಗೈ ತಂತಿಗೆ ಒತ್ತಿ ನುಡಿಸೋದು) ಎಲ್ಲ ನೆನೆದ ರಟ್ಟು. ಇದರ ಜಾಗ ಆಂಪ್ ಹಿಂದಿನ ಎಫೆಕ್ಟ್ಸ್ ಲೂಪ್, ಸೌಂಡ್ ರೂಪಿಸೋ ಪ್ರೀಆಂಪಿಗೂ ಅದನ್ನ ಜೋರು ಮಾಡೋ ಪವರ್ ಆಂಪಿಗೂ ನಡುವೆ. ಲೂಪ್ ಸೀರೀಸ್ ಆಗಿರಬೇಕು, ಅಂದ್ರೆ ಸಿಗ್ನಲ್ ಪೂರ್ತಿ ಡಬ್ಬದ ಮೂಲಕವೇ ಹೋಗ್ಬೇಕು, ಇದು ಗಟ್ಟಿ ನೆನಪಿಡಿ. ಕೆಲವು ಆಂಪಲ್ಲಿ ಪ್ಯಾರಲಲ್ ಲೂಪ್ ಇರತ್ತೆ, ಮಿಕ್ಸ್ ನಾಬ್ ಕೊಟ್ಟಿರ್ತಾರೆ, ಮ್ಯಾಕ್ಸಿಮೈಜರಿಂದ ಬಂದ ಸಿಗ್ನಲ್ಲಿನ ಫೇಸ್ (ಅಲೆಯ ಏರಿಳಿತದ ಸಮಯ) ಆಗ್ಲೇ ತಿರುಗಿರತ್ತೆ, ಅದನ್ನ ಡಬ್ಬಕ್ಕೆ ಹೋಗದ ಒಣ ಸಿಗ್ನಲ್ ಜೊತೆ ಬೆರೆಸಿದ್ರೆ ಕೆಲವು ಸ್ವರ ಒಂದನ್ನೊಂದು ಹೊಡೆದು ಹಾಕಿ ಸೌಂಡ್ ಡಬ್ಬದೊಳಗಿಂದ ಬಂದ ಹಾಗಿರತ್ತೆ. ಅಂಥ ಆಂಪಲ್ಲಿ ಮಿಕ್ಸ್ ಪೂರ್ತಿ ಎಫೆಕ್ಟ್ ಕಡೆಗೆ ತಿರುಗಿಸಿ.

ಲೂಪೇ ಇಲ್ದಿರೋ ಆಂಪ್ ಆದ್ರೆ, ಉದಾಹರಣೆಗೆ ಮಾರ್ಷಲ್ ಜೆಸಿಎಂ800ರ ಹಳೇ 2203, ಸುಮ್ನೆ ಕ್ಯಾಬಿಗೆ (ಸ್ಪೀಕರ್ ಪೆಟ್ಟಿಗೆಗೆ) ಮೈಕ್ ಇಟ್ಟು ಮಿಕ್ಸರ್ ಚಾನೆಲ್‌ನ ಇನ್ಸರ್ಟಲ್ಲಿ ಈ ಡಬ್ಬ ಹಾಕಿಸ್ಕೊಳಿ, ಇನ್ಸರ್ಟ್ ಕೇಬಲ್ ಸಾಕು.

ಲೂಪ್ ಒಳಗೆ ಯಾವ ಆರ್ಡರ್ ಅನ್ನೋದಕ್ಕೆ ಜಗಳ ಇದೆ. ಕೊನೇಲಿ ಹಾಕಿ ಅಂತ ಬಹಳ ಜನ ಹೇಳ್ತಾರೆ. ನಾನು ನಾಯ್ಸ್ ಗೇಟ್ (ನುಡಿಸದೇ ಇದ್ದಾಗ ಸದ್ದು ಮುಚ್ಚೋದು), ಆಮೇಲೆ ಮ್ಯಾಕ್ಸಿಮೈಜರ್, ಆಮೇಲೆ ಡಿಲೇ ರಿವರ್ಬ್ ಇಡ್ತೀನಿ, ಇಲ್ಲಾಂದ್ರೆ ರಿವರ್ಬಿನ ಬಾಲಕ್ಕೂ ಪಾಲಿಶ್ ಬಿದ್ದು ಸುಯ್ ಅಂತಿರತ್ತೆ. ಗೇಟ್ ಮುಂಚೆ ಇರ್ಲೇಬೇಕು, ಹೈ ಗೇನ್ ಹಿಸ್ಸನ್ನ ಈ ಡಬ್ಬ ಗಿಟಾರಷ್ಟೇ ಪ್ರೀತಿಯಿಂದ ಎತ್ತತ್ತೆ. ಲೆವೆಲ್ಲೂ ನೋಡ್ಕೊಳಿ, ಕೆಲವು ರ‍್ಯಾಕ್ ಸಾಮಾನು ಮೈನಸ್ 10 ಡಿಬಿವಿ ಅಂದ್ರೆ ಸುಮಾರು 0.32 ವೋಲ್ಟಿಗೆ ಮಾಡಿದ್ದು, ಕೆಲವು ಲೂಪ್ ಪ್ಲಸ್ 4 ಡಿಬಿಯು ಅಂದ್ರೆ 1.23 ವೋಲ್ಟ್ ತಳ್ಳತ್ತೆ. ಕ್ಲಿಪ್ ಲೈಟ್ ಜೋರಾಗಿ ಬಡಿದಾಗ ಒಮ್ಮೆ ಮಿಣುಕಿದ್ರೆ ಪರ್ವಾಗಿಲ್ಲ, ದೀಪಾವಳಿ ಸೀರಿಯಲ್ ಸೆಟ್ ಆದ್ರೆ ಸೆಂಡ್ ಕಮ್ಮಿ ಮಾಡಿ.

ಸ್ಪೀಕರ್ ಬಗ್ಗೆ ಯಾರೂ ಯೋಚನೆ ಮಾಡಲ್ಲ. ಸೆಲೆಷನ್ ವಿಂಟೇಜ್ 30 ಥರದ ಗಿಟಾರ್ ಸ್ಪೀಕರ್ ಕೆಲಸ ಮಾಡೋದು 70ರಿಂದ 5000 ಹರ್ಟ್ಜ್ ಒಳಗೆ, ಅದರ ಮೇಲೆ ಜಾರಿ ಬೀಳತ್ತೆ. ಹಾಗಾಗಿ ಕ್ಯಾಬ್ ಇದ್ರೆ ಪ್ರೋಸೆಸ್ ನಾಬ್ ಸ್ವಲ್ಪ ಜಾಸ್ತಿ ಆದ್ರೂ ಸ್ಪೀಕರೇ ಕ್ಷಮಿಸತ್ತೆ. ಗಿಟಾರ್ ಪ್ರೋಸೆಸರಿಂದ ಸೀದಾ ಪಿಎಗೆ (ಸಭೆಯ ದೊಡ್ಡ ಸ್ಪೀಕರಿಗೆ) ಹೋಗೋ ಆರ್ಕೆಸ್ಟ್ರಾ ಹುಡುಗರಿಗೆ ಆ ಕ್ಷಮೆ ಇಲ್ಲ, ಪಿಎ ಹಾರ್ನ್ 15 ಸಾವಿರದ ತನಕನೂ ಕೂಗತ್ತೆ, ಕ್ಯಾಬ್ ಸಿಮ್ಯುಲೇಶನ್ (ಗಿಟಾರ್ ಸ್ಪೀಕರಿನ ನಕಲು) ಆನ್ ಮಾಡ್ದೆ ಎನ್‌ಹ್ಯಾನ್ಸರ್ ಹಾಕಿದ್ರೆ ಜೇನುಗೂಡಿಗೆ ಕಲ್ಲು ಹೊಡೆದಂಗೆ. ಅವರಿಗೆ ನಾನು ಪ್ರೋಸೆಸ್ ಎರಡು, ಮೂರು, ಅಷ್ಟೇ ಹೇಳೋದು.

ಆನ್ ಆಫ್ ಮಾಡಿ ನೋಡುವಾಗ ಎಲ್ರೂ ಮೋಸ ಹೋಗ್ತಾರೆ, ನಾನೂ ವರ್ಷಗಟ್ಟಲೆ ಹೋಗಿದೀನಿ. ಆನ್ ಮಾಡಿದ ತಕ್ಷಣ ಒಟ್ಟು ಸೌಂಡೇ ಒಂದೆರಡು ಡಿಬಿ ಜಾಸ್ತಿ ಆಗತ್ತೆ, ಜೋರಾಗಿದ್ದೇ ಚೆನ್ನಾಗಿದೆ ಅಂತ ಕಿವಿ ತೀರ್ಪು ಕೊಟ್ಬಿಡತ್ತೆ. ಮೊಬೈಲಲ್ಲಿ ಯಾವುದಾದ್ರೂ ಸೌಂಡ್ ಮೀಟರ್ ಆಪ್ ಹಾಕ್ಕೊಂಡು ಒಂದೇ ರಿಫ್ ನುಡಿಸ್ತಾ ಬೈಪಾಸಲ್ಲೂ ಆನಲ್ಲೂ ಒಂದೇ ಅಂಕಿ ಬರೋ ಹಾಗೆ ಲೆವೆಲ್ ಹೊಂದಿಸಿ, ಆಮೇಲೆ ಬೆನ್ನು ತಿರುಗಿಸಿ ನಿಂತು ಸ್ನೇಹಿತನಿಗೆ ಸ್ವಿಚ್ ಒತ್ತೋಕೆ ಹೇಳಿ. ಎಂಟು ಇದ್ದಿದ್ದು ಮೂರಕ್ಕೆ ಬರತ್ತೆ ನೋಡಿ.

ಮತ್ತೆ ಆ ಹುಡುಗ. ಡಬ್ಬ ಮುಟ್ಟೋಕೆ ಮುಂಚೆ ತಂತಿ ಬದಲಾಯಿಸಿದ್ವಿ, ಅವನ ಕೇಬಲ್ ಅಳೆದೆ, ಹತ್ತು ಮೀಟರಿನ ಅಗ್ಗದ್ದು, 1500 ಪಿಕೋಫ್ಯಾರಡ್ ತೋರಿಸ್ತು (ಇದು ಜಾಸ್ತಿ ಆದಷ್ಟೂ ಟ್ರೆಬಲ್ ಸೋರತ್ತೆ), ಒಳ್ಳೇ ಕೇಬಲ್ ಮೀಟರಿಗೆ ನೂರರ ಆಸುಪಾಸು ಇರತ್ತೆ. ಆರು ಮೀಟರಿನ ಒಳ್ಳೇದೊಂದು ಹಾಕಿದ್ಮೇಲೆ ಟ್ರೆಬಲ್ ತಾನಾಗೇ ವಾಪಸ್ ಬಂತು. ಹಳಸಿದ ಸಾರಿಗೆ ಒಗ್ಗರಣೆ ಹಾಕ್ತಿದ್ದ ಇಷ್ಟು ದಿನ. ಆಂಪಲ್ಲಿ ಮಿಡ್ ಮೂರರಿಂದ ಆರಕ್ಕೆ, ಲೋ ಕಾಂಟೂರ್ ಒಂದು, ಪ್ರೋಸೆಸ್ ಮೂರೂವರೆ. "ಏನಣ್ಣ, ಏನೂ ಇಲ್ದಂಗಿದೆ" ಅಂತ ಮುಖ ಸಣ್ಣ ಮಾಡ್ಕೊಂಡ. ಶನಿವಾರ ಬ್ಯಾಂಡ್ ಪ್ರಾಕ್ಟೀಸಿಗೆ ನಾನೂ ಬರ್ತೀನಿ ಅಂದೆ.

ಹೋದೆ. ಎರಡನೇ ಹಾಡಿನ ಮಧ್ಯ ಹೇಳ್ದೆ ಕೇಳ್ದೆ ಬೈಪಾಸ್ ಒತ್ತಿದೆ. ಹುಡುಗ ಕಣ್ಣು ಮುಚ್ಚಿ ನುಡಿಸ್ತಾನೇ ಇದ್ದ, ಅವನಿಗೆ ಏನೂ ಗೊತ್ತಾಗ್ಲಿಲ್ಲ. ಆ ಕಡೆ ಮೂಲೇಲಿದ್ದ ಬೇಸ್ ಹುಡುಗ ತಲೆಯೆತ್ತಿ ಇವನ ಆಂಪ್ ನೋಡಿ, ಆಮೇಲೆ ನನ್ನ ಕೈ ನೋಡಿದ. ಮತ್ತೆ ಆನ್ ಮಾಡಿದೆ. ಅವನು ತಲೆ ಆಡಿಸಿ ತನ್ನ ತಂತಿ ಕಡೆ ತಿರುಗಿದ.