ನಮ್ಮ ಹುಡುಗಿಯರಿಗೆ ಬೇಕಾದ ವಾಲ್ವ್

ಹೃದಯದ ವಾಲ್ವ್, ಅಂದರೆ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಬಾಗಿಲು, ಬದಲಿಸಬೇಕು ಎಂದ ಕೂಡಲೇ ಮನೆಯವರಿಂದ ಈಚೆಗೆ ಒಂದು ಪ್ರಶ್ನೆ ಜಾಸ್ತಿ ಬರುತ್ತಿದೆ. "ಡಾಕ್ಟ್ರೇ, ಈಗ ಲ್ಯಾಬಲ್ಲೇ ವಾಲ್ವ್ ಬೆಳೆಸ್ತಾರಂತೆ. ಅದು ಬರೋ ತನಕ ಕಾಯಬಹುದಾ?" ಡೊಂಬಿವಲಿಯಿಂದಲೋ ಠಾಣೆಯಿಂದಲೋ ಲೋಕಲ್ ಹಿಡಿದು ಬರುವ ನಮ್ಮ ಕನ್ನಡದವರು, ತುಳುವರು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡೇ ಬಂದಿರುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಪ್ರಶ್ನೆಯೇ. ಆದರೆ ಓಪಿಡಿ ಗದ್ದಲದಲ್ಲಿ ಪೂರ್ತಿ ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾಯಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಂಶೋಧನೆ ನಿಜ, ಅದರಲ್ಲಿ ಭರವಸೆಯೂ ಇದೆ. ಆದರೆ ಅದರ ಬಹುಪಾಲು ಬೇರೆ ದೇಶದ, ಬೇರೆ ವಯಸ್ಸಿನ ರೋಗಿಗಳಿಗಾಗಿ ನಡೆಯುತ್ತಿದೆ.

ಯುರೋಪ್, ಅಮೆರಿಕದಲ್ಲಿ ವಾಲ್ವ್ ಆಪರೇಷನ್ ಆಗುವವರು ಹೆಚ್ಚಾಗಿ ಎಪ್ಪತ್ತು ದಾಟಿದವರು. ವಯಸ್ಸಾದಂತೆ, ಹೃದಯದಿಂದ ದೇಹಕ್ಕೆ ರಕ್ತ ಹೊರಡುವ ಜಾಗದಲ್ಲಿರುವ ಅವರ ಅಯೋರ್ಟಿಕ್ ವಾಲ್ವ್ ಸುಣ್ಣಗಟ್ಟಿ ಗಟ್ಟಿಯಾಗಿರುತ್ತದೆ. ನಮ್ಮ ವಾರ್ಡಿನಲ್ಲಿ ಮಲಗಿರುವವಳು ಮದುವೆಯ ವಯಸ್ಸಿನ ಹುಡುಗಿ. ಚಿಕ್ಕವಳಿದ್ದಾಗ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದಿತ್ತು. ಆಮೇಲೆ ಜ್ವರ, ಕೀಲು ನೋವು. ಮೊಣಕಾಲು ಊದಿತು, ಒಂದೆರಡು ವಾರದಲ್ಲಿ ಇಳಿಯಿತು, ಮನೆಯವರು ಮರೆತರು. ಆದರೆ ಆ ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನ್ ನಮ್ಮ ಹೃದಯದ ಪ್ರೋಟೀನನ್ನು ಹೋಲುತ್ತದೆ. ಹಾಗಾಗಿ ಅದರ ಮೇಲೆ ಎದ್ದ ರೋಗನಿರೋಧಕ ಶಕ್ತಿ ಗುರುತು ತಪ್ಪಿ ಸ್ವಂತ ವಾಲ್ವ್ ಮೇಲೂ ತಿರುಗಿಬಿತ್ತು. ಇದು ರುಮ್ಯಾಟಿಕ್ ಹೃದಯ ಕಾಯಿಲೆ. ಹೆಚ್ಚಾಗಿ ಇದು ಹಾಳು ಮಾಡುವುದು ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವನ್ನು. ವಾಲ್ವ್‌ನ ತೆರೆದು ಮುಚ್ಚುವ ಎಸಳುಗಳು ದಪ್ಪವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹತ್ತು ಹದಿನೈದು ವರ್ಷ ಕಳೆದ ಮೇಲೆ ರೈಲ್ವೆ ಸ್ಟೇಷನ್ನಿನ ಬ್ರಿಡ್ಜ್ ಹತ್ತುವಾಗ ದಮ್ಮು ಕಟ್ಟುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಕಾಯಿಲೆ ಇದೆ ಎಂದು ಗೊತ್ತಾಗುವುದೇ ಬಸುರಿಯಾದಾಗ, ಹೃದಯಕ್ಕೆ ಕೆಲಸ ಹೆಚ್ಚಾದ ಮೇಲೆ.

ವಾಲ್ವ್ ಬರೀ ಅಂಟಿಕೊಂಡಿದ್ದರೆ ತೊಡೆಯ ರಕ್ತನಾಳದಿಂದ ಬಲೂನ್ ಕಳಿಸಿ ಬಿಡಿಸಬಹುದು. ಜಪಾನಿನ ಡಾ. ಕಂಜಿ ಇನೌಎ 1980ರ ದಶಕದಲ್ಲಿ ತೋರಿಸಿಕೊಟ್ಟ ವಿಧಾನವಿದು. ಸೋರುತ್ತಿದ್ದರೆ ಕೆಲವರಲ್ಲಿ ರಿಪೇರಿ ಮಾಡಬಹುದು. ಎರಡೂ ಆಗದಿದ್ದಾಗ ಮಾತ್ರ ಬದಲಿಸುವ ಮಾತು. ಕಷ್ಟ ಶುರುವಾಗುವುದೇ ಅಲ್ಲಿ.

ಈಗ ಕೈಯಲ್ಲಿರುವುದು ಎರಡು ಜಾತಿಯ ವಾಲ್ವ್. ಒಂದು ಮೆಟಲ್‌ದು ಎಂದು ಎಲ್ಲರೂ ಕರೆಯುವ ಮೆಕ್ಯಾನಿಕಲ್ ವಾಲ್ವ್. ಸವೆಯುವುದಿಲ್ಲ, ದಶಕಗಟ್ಟಲೆ ಬಾಳುತ್ತದೆ. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹಾಗಾಗಿ ರಕ್ತ ತೆಳು ಮಾಡುವ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ಜೀವನಪೂರ್ತಿ ಬೇಕು. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ರಕ್ತ ಪರೀಕ್ಷೆಯ ಅಂಕಿ ಐಎನ್‌ಆರ್. ಮೈಟ್ರಲ್ ಜಾಗದಲ್ಲಿ ಅದು 2.5ರಿಂದ 3.5ರ ಒಳಗೆ ಇರಬೇಕು. ಕಡಿಮೆಯಾದರೆ ವಾಲ್ವ್ ಜಾಮ್ ಆಗಬಹುದು, ಲಕ್ವ ಹೊಡೆಯಬಹುದು. ಜಾಸ್ತಿಯಾದರೆ ರಕ್ತಸ್ರಾವ. ಹೊಸ ಕಾಲದ ರಕ್ತ ತೆಳು ಮಾಡುವ ಮಾತ್ರೆಗಳು ಇಲ್ಲಿ ನಡೆಯುವುದಿಲ್ಲ. ಡಾಬಿಗಟ್ರಾನ್ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು, ಅದರ ಫಲಿತಾಂಶ 2013ರಲ್ಲಿ ಬಂತು. ಅಪಿಕ್ಸಬಾನ್ ಪ್ರಯೋಗವೂ 2022ರಲ್ಲಿ ನಿಂತಿತು. ಬಸಳೆ, ಹರಿವೆ, ನುಗ್ಗೆಸೊಪ್ಪು ತಿನ್ನಬಾರದಾ ಎಂದು ನಮ್ಮ ಊರಿನವರು ಕೇಳುತ್ತಾರೆ. ತಿನ್ನಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಗೆ ಎದುರಾಗಿ ಕೆಲಸ ಮಾಡುವುದು ಹೌದು. ಆದರೆ ವಾರ ವಾರವೂ ಹೆಚ್ಚುಕಡಿಮೆ ಅಷ್ಟೇ ತಿಂದರೆ ಅದಕ್ಕೆ ತಕ್ಕಂತೆ ನಾವು ಡೋಸ್ ಹೊಂದಿಸುತ್ತೇವೆ. ಊರಿಗೆ ಹೋದಾಗ ದಿನಾ ಬಸಳೆ, ಮುಂಬಯಿಗೆ ಬಂದ ಮೇಲೆ ಏನೂ ಇಲ್ಲ ಅಂದರೆ ಐಎನ್‌ಆರ್ ಏರುಪೇರಾಗುತ್ತದೆ.

ಇದೇ ಮಾತ್ರೆ ಬಸುರಿಯಲ್ಲಿ ದೊಡ್ಡ ಸಂಕಟ ತರುತ್ತದೆ. ಅದು ಮಗುವಿನ ರಕ್ತಕ್ಕೂ ಹೋಗುತ್ತದೆ. ಆರರಿಂದ ಹನ್ನೆರಡನೆಯ ವಾರದ ನಡುವೆ ಮಗುವಿನ ಬೆಳವಣಿಗೆ ಕೆಡಿಸಬಹುದು. ಮಾತ್ರೆಯ ಬದಲು ಕೊಡುವ ಹೆಪಾರಿನ್ ಇಂಜೆಕ್ಷನ್ ಮಗುವನ್ನು ಮುಟ್ಟುವುದಿಲ್ಲ, ಆದರೆ ತಾಯಿಯ ವಾಲ್ವ್ ಮೇಲೆ ಹೆಪ್ಪುಗಟ್ಟುವ ಅಪಾಯ ಹೆಚ್ಚು. ತಾಯಿಗೂ ಮಗುವಿಗೂ ಒಟ್ಟಿಗೆ ಪೂರ್ತಿ ಸುರಕ್ಷಿತವಾದ ದಾರಿ ಇವತ್ತಿಗೂ ಇಲ್ಲ.

ಇನ್ನೊಂದು ಜಾತಿ ಟಿಶ್ಯೂ ವಾಲ್ವ್. ದನದ ಹೃದಯದ ಹೊದಿಕೆಯಿಂದಲೋ ಹಂದಿಯ ವಾಲ್ವ್‌ನಿಂದಲೋ ಮಾಡಿದ್ದು. ಇದಕ್ಕೆ ಜೀವನಪೂರ್ತಿ ಮಾತ್ರೆ ಬೇಕಿಲ್ಲ. ಅರವತ್ತೈದು ದಾಟಿದವರಿಗೆ ಬಹಳ ಒಳ್ಳೆಯದು. ಆದರೆ ಎಳೆಯ ವಯಸ್ಸಿನಲ್ಲಿ ಬೇಗ ಸುಣ್ಣಗಟ್ಟುತ್ತದೆ, ಹತ್ತು ವರ್ಷದೊಳಗೇ ಹಾಳಾಗಬಹುದು. ಯಾಕೆ? ಧಾರಾವಿಯಲ್ಲಿ ಹಿಂದೆ ಚರ್ಮ ಹದ ಮಾಡುತ್ತಿದ್ದರಲ್ಲ, ಇಲ್ಲಿ ನಡೆಯುವುದೂ ಅಂಥದ್ದೇ ಕೆಲಸ. ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ನೆನೆಸಿದರೆ ಅಂಗಾಂಶಕ್ಕೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳು ಒಂದಕ್ಕೊಂದು ಬಿಗಿದುಕೊಂಡು ಕೊಳೆಯದೆ ಉಳಿಯುತ್ತವೆ. ಪ್ಯಾರಿಸ್ಸಿನ ಡಾ. ಅಲೆನ್ ಕಾರ್ಪೆಂಟಿಯರ್ 1960ರ ದಶಕದ ಕೊನೆಯಲ್ಲಿ ಈ ದಾರಿ ಹಾಕಿಕೊಟ್ಟರು. ಆದರೆ ಹದ ಮಾಡಿದಾಗ ಒಳಗಿನ ಜೀವಕೋಶಗಳೆಲ್ಲ ಸಾಯುತ್ತವೆ. ಆಮೇಲೆ ಆ ಎಸಳಿನಲ್ಲಿ ಹರಿದ ಎಳೆ ಹರಿದೇ ಇರುತ್ತದೆ, ಕ್ಯಾಲ್ಸಿಯಂ ಬಂದು ಕೂತರೆ ಕೂತೇ ಇರುತ್ತದೆ.

ಒಂದು ಲೆಕ್ಕ ನೋಡಿ. ನಿಮಿಷಕ್ಕೆ 70 ಬಡಿತವೆಂದರೆ ವಾಲ್ವ್ ದಿನಕ್ಕೆ 1 ಲಕ್ಷ ಸಲ, ವರ್ಷಕ್ಕೆ 3.6 ಕೋಟಿಗೂ ಹೆಚ್ಚು ಸಲ ತೆರೆದು ಮುಚ್ಚುತ್ತದೆ. ಹುಟ್ಟಿನಿಂದ ಬಂದ ಎಸಳು ಒಂದು ಮಿಲಿಮೀಟರ್ ದಪ್ಪವೂ ಇಲ್ಲ. ಆದರೂ ಎಂಬತ್ತು ವರ್ಷ ತಾಳುತ್ತದೆ ಅಂದರೆ, ಒಳಗಿರುವ ಕೋಶಗಳು ದಿನವೂ ಸವೆದದ್ದನ್ನು ಹೊಸದಾಗಿ ನೇಯುತ್ತಿರುತ್ತವೆ. ಈ ನೇಯುವ ಕೆಲಸ ಮುಂದುವರಿಯುವಂಥ ವಾಲ್ವ್ ಬೇಕು ಎನ್ನುವುದೇ ಇವತ್ತಿನ ಸಂಶೋಧನೆಯ ಗುರಿ.

ಇದು ಸಾಧ್ಯ ಎನ್ನಲು ನನ್ನ ಕಣ್ಣಿಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಿಂದ ಬಂದದ್ದು. 2022ರಲ್ಲಿ ಅಲ್ಲಿ ಹುಟ್ಟಿ ಕೆಲವೇ ದಿನಗಳಾದ ಮಗುವಿಗೆ ಡಾ. ಜೋಸೆಫ್ ಟ್ಯುರೆಕ್ ತಂಡ ದಾನಿಯ ಹೃದಯದಿಂದ ಜೀವಂತ ವಾಲ್ವ್‌ಗಳನ್ನು ಮಾತ್ರ ತೆಗೆದು ಹಾಕಿತು. ಪೂರ್ತಿ ಹೃದಯ ಕಸಿ ಅಲ್ಲ. 2024ರ ಜನವರಿಯಲ್ಲಿ ಪ್ರಕಟವಾದ ವರದಿಯ ಪ್ರಕಾರ ಆ ವಾಲ್ವ್‌ಗಳು ಮಗುವಿನ ಜೊತೆಗೇ ಬೆಳೆದವು. ಮಾಂಸಖಂಡ ದುರ್ಬಲವಾಗಿ ಕಸಿಗೆ ಬಾರದ ಹೃದಯದಲ್ಲೂ ವಾಲ್ವ್‌ಗಳು ಚೆನ್ನಾಗಿರಬಹುದು, ಅಂಥವು ಈಗ ಉಪಯೋಗಕ್ಕೆ ಬರುತ್ತವೆ. ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ 1968ರಲ್ಲೇ ಹೃದಯ ಕಸಿಗೆ ಕೈ ಹಾಕಿದ ಊರು ಇದು. ಹೃದಯದಾನದ ಮಾತು ಬಂದಾಗ ವಾಲ್ವ್ ದಾನದ ಬಗ್ಗೆಯೂ ಇಲ್ಲಿ ಗಂಭೀರವಾಗಿ ಯೋಚಿಸಬೇಕು ಎನ್ನುವುದು ನನ್ನ ಆಸೆ.

ದಾನಿಗಳು ಎಲ್ಲರಿಗೂ ಸಿಗುವುದಿಲ್ಲವಲ್ಲ. ಹಾಗಾಗಿ ಬೇರೆ ದಾರಿಗಳು. ಒಂದು, ವಾಲ್ವ್‌ನಿಂದ ಜೀವಕೋಶಗಳನ್ನೆಲ್ಲ ತೊಳೆದು ತೆಗೆದು ಬರೀ ಹಂದರ ಉಳಿಸುವುದು. ರೋಗಿಯ ಸ್ವಂತ ಕೋಶಗಳು ಬಂದು ಅಲ್ಲಿ ನೆಲೆಸಲಿ ಎಂಬ ಲೆಕ್ಕ. ಮನುಷ್ಯರ ವಾಲ್ವ್ ತೊಳೆದು ಹಾಕುವುದರಲ್ಲಿ ಜರ್ಮನಿಯ ಹ್ಯಾನೋವರ್ ತಂಡಕ್ಕೆ ಒಳ್ಳೆಯ ಅನುಭವವಿದೆ. ಆದರೆ 2001ರಲ್ಲಿ ವಿಯೆನ್ನಾದಲ್ಲಿ ಹಂದಿಯ ವಾಲ್ವ್ ಇದೇ ರೀತಿ ತೊಳೆದು ನಾಲ್ಕು ಮಕ್ಕಳಿಗೆ ಹಾಕಿದಾಗ ಮೂವರು ತೀರಿಕೊಂಡರು. ಒಳಗೆ ವಿಪರೀತ ಉರಿಯೂತ ಎದ್ದಿತ್ತು, ಬರಬೇಕಿದ್ದ ಕೋಶಗಳು ಬಂದಿರಲಿಲ್ಲ. ಅಲ್ಲಿನ ವೈದ್ಯರು ಇದನ್ನು ಮುಚ್ಚಿಡದೆ 2003ರಲ್ಲಿ ಪ್ರಕಟಿಸಿದರು. ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಓದಲೇಬೇಕಾದ ವರದಿ ಅದು. ಕುರಿಯಲ್ಲಿ ಚೆನ್ನಾಗಿ ನಡೆದದ್ದು ಮಗುವಿನಲ್ಲೂ ನಡೆಯುತ್ತದೆ ಎಂದು ಯಾರೂ ಹಿಡಿದುಕೊಳ್ಳಬಾರದು.

ಇನ್ನೊಂದು ದಾರಿಯಲ್ಲಿ ಪಾಲಿಮರ್, ಅಂದರೆ ಪ್ಲಾಸ್ಟಿಕ್ ತರಹದ ವಸ್ತುವಿನ ದಾರವನ್ನು ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣಗೆ ಎಳೆದು, ತೂತುತೂತಾದ ವಾಲ್ವ್ ಮಾಡುತ್ತಾರೆ. ಹಾಕಿದ ಮೇಲೆ ರಕ್ತದ ಕೋಶಗಳು ಅದರೊಳಗೆ ನುಗ್ಗಿ ನಿಧಾನವಾಗಿ ಸ್ವಂತ ಅಂಗಾಂಶ ಕಟ್ಟುತ್ತವೆ, ಪಾಲಿಮರ್ ಕರಗುತ್ತಾ ಹೋಗುತ್ತದೆ. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಇದರ ಬಹಳಷ್ಟು ಕೆಲಸ ನಡೆದಿದೆ. ಅಮೆರಿಕದ ಮಿನ್ನೆಸೋಟಾದಲ್ಲಿ ರಾಬರ್ಟ್ ಟ್ರಾಂಕ್ವಿಲೊ ಅವರ ತಂಡದ್ದು ಬೇರೆ ಉಪಾಯ. ಚರ್ಮದ ಕೋಶಗಳಿಂದ ಲ್ಯಾಬಿನಲ್ಲಿ ಕೊಲಾಜೆನ್ ಕೊಳವೆ ಬೆಳೆಸಿ, ಆಮೇಲೆ ಕೋಶಗಳನ್ನು ತೊಳೆದುಬಿಡುತ್ತಾರೆ. ಉಳಿದ ಕೊಳವೆಯನ್ನು ಯಾರಿಗೆ ಬೇಕಾದರೂ ಹಾಕಬಹುದು. ಅಂಥ ಮೂರು ಕೊಳವೆ ಸೇರಿಸಿ ಹೊಲಿದ ವಾಲ್ವ್ ಕುರಿಮರಿಗಳಲ್ಲಿ ಬೆಳೆದದ್ದನ್ನು 2021ರಲ್ಲಿ ತೋರಿಸಿದರು. ನನಗೆ ಈ ಕೆಲಸ ಬಹಳ ಹಿಡಿಸಿತು. ತಯಾರಿಸಿ ಕಪಾಟಿನಲ್ಲಿ ಇಟ್ಟುಕೊಳ್ಳಬಹುದಾದ ವಾಲ್ವ್ ಮಾತ್ರ ನಮ್ಮಂಥ ದೇಶದಲ್ಲಿ ಎಲ್ಲರಿಗೂ ತಲುಪುತ್ತದೆ.

ಎಲ್ಲ ತಂಡಗಳನ್ನೂ ಕಾಡಿದ ಸಮಸ್ಯೆಯೊಂದಿದೆ. ಎಸಳಿಗೆ ಬಂದ ಕೋಶಗಳು ಗಾಯ ಮಾಯಿಸುವ ಕೋಶಗಳಂತೆ ಎಳೆಗಳನ್ನು ಹಿಡಿದು ಎಳೆಯುತ್ತವೆ. ಎಸಳು ಗಿಡ್ಡವಾಗುತ್ತದೆ, ವಾಲ್ವ್ ಸೋರುತ್ತದೆ. ಎಸಳಿನ ಆಕಾರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಬದಲಿಸಿದರೆ ಇದನ್ನು ತಡೆಯಬಹುದು ಎಂದು ಜ್ಯೂರಿಕ್ ತಂಡ 2018ರಲ್ಲಿ ಕುರಿಗಳಲ್ಲಿ ತೋರಿಸಿತು. ಒಂದು ವರ್ಷದವರೆಗೆ ವಾಲ್ವ್ ಚೆನ್ನಾಗಿ ನಡೆಯಿತು.

ಈಗ ನನ್ನ ತಕರಾರು. ಈ ವಾಲ್ವ್‌ಗಳಲ್ಲಿ ಹೆಚ್ಚಿನವನ್ನು ಪರೀಕ್ಷಿಸಿರುವುದು ಬಲಗಡೆಯ ಪಲ್ಮನರಿ ಜಾಗದಲ್ಲಿ, ಅಂದರೆ ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯಲ್ಲಿ. ಅಲ್ಲಿ ಒತ್ತಡ ತೀರಾ ಕಡಿಮೆ. ಮೈಟ್ರಲ್ ವಾಲ್ವ್ ಮುಚ್ಚಿಕೊಂಡಾಗ ಅದರ ಮೇಲೆ ನಮ್ಮ ಬಿಪಿಯಷ್ಟೇ, ಅಂದರೆ 120ರ ಆಸುಪಾಸಿನ ಒತ್ತಡ ಬೀಳುತ್ತದೆ. ಪಲ್ಮನರಿಯಲ್ಲಿ ತಾಳಿದ್ದು ಇಲ್ಲಿ ತಾಳಬೇಕೆಂದಿಲ್ಲ. ಅದಕ್ಕಿಂತಲೂ ದೊಡ್ಡ ಪ್ರಶ್ನೆ ಬೇರೆ. ಈ ಹಂದರಗಳೆಲ್ಲ ನೆಚ್ಚಿಕೊಂಡಿರುವುದು ರೋಗಿಯ ರೋಗನಿರೋಧಕ ಕೋಶಗಳನ್ನು. ಅವು ಬಂದು ಸರಿಯಾಗಿ ನಡೆದುಕೊಂಡರೆ ಮಾತ್ರ ಅಂಗಾಂಶ ಕಟ್ಟುತ್ತದೆ. ನಮ್ಮ ಹುಡುಗಿಯ ವಾಲ್ವನ್ನು ಹಾಳು ಮಾಡಿದ್ದೇ ಆ ವ್ಯವಸ್ಥೆ, ಅಲ್ವಾ? ಮತ್ತೊಮ್ಮೆ ಗಂಟಲು ಸೋಂಕು ಬಂದರೆ ಹೊಸದಾಗಿ ಕಟ್ಟಿದ ಜೀವಂತ ವಾಲ್ವ್ ಮೇಲೂ ಅದು ತಿರುಗಿಬೀಳುತ್ತದೆಯೇ? ಆರೋಗ್ಯವಂತ ಕುರಿ ಇದಕ್ಕೆ ಉತ್ತರ ಕೊಡುವುದಿಲ್ಲ. ರುಮ್ಯಾಟಿಕ್ ಕಾಯಿಲೆ ಹೆಚ್ಚಿರುವ ಭಾರತದಲ್ಲೇ, ನಮ್ಮ ಲ್ಯಾಬ್‌ಗಳಲ್ಲೇ ಈ ಪ್ರಶ್ನೆಯನ್ನು ಮೊದಲು ಕೈಗೆತ್ತಿಕೊಳ್ಳಬೇಕು.

ನಮ್ಮಿಂದ ಆಗುತ್ತದಾ ಎಂದು ಅನುಮಾನಪಡುವವರಿಗೆ ಚಿತ್ರಾ ವಾಲ್ವ್ ನೆನಪಿಸುತ್ತೇನೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ಮಾಡಿದ್ದು. ಮೊದಲ ಮೂರು ಮಾದರಿಗಳು ನಿಲ್ಲಲಿಲ್ಲ. ನಾಲ್ಕನೆಯದರಲ್ಲಿ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿಗೆ ಗಟ್ಟಿ ಪಾಲಿಥಿಲೀನ್ ಬಿಲ್ಲೆ ಕೂರಿಸಿದರು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು. ಇಂದಿಗೆ ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಅದು ಕೆಲಸ ಮಾಡಿದೆ. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಬಂದರು, 2024ರಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಮುಂಬಯಿಯಿಂದ ರೈಲು ಹತ್ತಿದರೆ ನಾಲ್ಕು ಗಂಟೆಯೊಳಗೆ ಸಿಗುವ ವಾಪಿಯಲ್ಲಿ ಈಗ ಮೈವಾಲ್ ಎಂಬ, ತೊಡೆಯ ರಕ್ತನಾಳದಿಂದ ಕೂರಿಸುವ ವಾಲ್ವ್ ತಯಾರಾಗುತ್ತದೆ. ಎಸಳುಗಳನ್ನೂ ಪಾಲಿಮರ್‌ನಿಂದಲೇ ಮಾಡಿದ ಮೈಟ್ರಲ್ ವಾಲ್ವ್‌ನ ಟ್ರಯಲ್ ಭಾರತದ ಆಸ್ಪತ್ರೆಗಳಲ್ಲೇ ನಡೆದಿದೆ. ಅದು ಬೆಳೆಯುವ ವಾಲ್ವ್ ಅಲ್ಲ. ಆದರೆ ಸುಣ್ಣಗಟ್ಟದೆ, ಮಾತ್ರೆಯ ಹಂಗಿಲ್ಲದೆ ಇಪ್ಪತ್ತು ವರ್ಷ ಬಾಳಿದರೆ ನಮ್ಮ ರೋಗಿಗಳಿಗೆ ಅದೇ ದೊಡ್ಡ ವರ. ಬಾಳುತ್ತದೆಯೇ ಎನ್ನುವುದನ್ನು ವರ್ಷಗಳೇ ಹೇಳಬೇಕು.

ಹೃದಯದ ಮಾಂಸಖಂಡ ಮತ್ತೆ ಬೆಳೆಸುವುದು ಬೇರೆಯೇ ವಿಷಯ, ಎರಡೇ ಮಾತು ಹೇಳುತ್ತೇನೆ. ಇಪ್ಪತ್ತೈದರ ವಯಸ್ಸಿನಲ್ಲೂ ಹೃದಯದ ಸ್ನಾಯುಕೋಶಗಳಲ್ಲಿ ವರ್ಷಕ್ಕೆ ಶೇ. 1ರಷ್ಟು ಮಾತ್ರ ಹೊಸದಾಗುತ್ತವೆ ಎಂದು ಸ್ವೀಡನ್ನಿನ ತಂಡ 2009ರಲ್ಲಿ ಕಂಡುಕೊಂಡಿತು. ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶದಿಂದ, ಅಂದರೆ ಸ್ಟೆಮ್ ಸೆಲ್‌ನಿಂದ ಬೆಳೆಸಿದ ಸ್ನಾಯುವಿನ ಪಟ್ಟಿ ಹೊಲಿಯುವ ಪ್ರಯೋಗ ಜರ್ಮನಿಯಲ್ಲಿ ನಡೆಯುತ್ತಿದೆ, 2025ರಲ್ಲಿ ಮೊದಲ ವರದಿ ಬಂದಿದೆ. ಅದು ಟ್ರಯಲ್. ದುಡ್ಡು ತೆಗೆದುಕೊಂಡು "ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಹೃದಯ ಸರಿ ಮಾಡ್ತೀವಿ" ಎನ್ನುವವರ ಹತ್ತಿರ ಹೋಗಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ಹೃದಯಕ್ಕೆ ಸ್ಟೆಮ್ ಸೆಲ್ ಕೊಡುವುದು ಟ್ರಯಲ್‌ನಲ್ಲಿ ಮಾತ್ರ. ಟ್ರಯಲ್ ಅಂದರೆ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ.

ಹಾಗಾದರೆ ಇವತ್ತು ವಾಲ್ವ್ ಬೇಕಾದ ಹುಡುಗಿಗೆ ಏನು ಹೇಳುತ್ತೇನೆ? ಮೊದಲು, ರಿಪೇರಿ ಆಗುತ್ತದಾ ಎಂದು ಕೇಳಿ. ಅದು ಆಗದಿದ್ದರೆ, ಮಕ್ಕಳು ಬೇಕು ಎನ್ನುವವರು ಟಿಶ್ಯೂ ವಾಲ್ವ್ ಆರಿಸಿಕೊಳ್ಳಬಹುದು. ಎರಡನೆಯ ಆಪರೇಷನ್ ಬರುತ್ತದೆ ಎಂದು ಗೊತ್ತಿದ್ದೇ ಒಪ್ಪಿಕೊಳ್ಳಬೇಕು. ಕೆಲವರಿಗೆ ಹಳೆಯ ವಾಲ್ವ್ ಒಳಗೇ ಎದೆ ತೆರೆಯದೆ ಹೊಸದನ್ನು ಕೂರಿಸಲು ಆಗುತ್ತದೆ, ಆದರೆ ಪ್ರತಿ ಸಲವೂ ಜಾಗ ಕಿರಿದಾಗುತ್ತದೆ. ತಿಂಗಳು ತಿಂಗಳು ರಕ್ತ ಪರೀಕ್ಷೆ ಮಾಡಿಸಲು ಅನುಕೂಲವಿದ್ದು, ಮಕ್ಕಳಾಗಿ ಆಗಿದ್ದರೆ ಮೆಕ್ಯಾನಿಕಲ್ ಸರಿ. ಈ ಮಾತುಕತೆಗೆ ಹುಡುಗಿಯೂ ಕೂರಬೇಕು. ಅಪ್ಪ, ಅಣ್ಣ, ಗಂಡ ಮಾತ್ರ ಬಂದು ನಿರ್ಧರಿಸಿ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಮೆಕ್ಯಾನಿಕಲ್ ವಾಲ್ವ್ ಹಾಕಿಸಿಕೊಂಡವರು ಬಸುರಾದ ಮೇಲಲ್ಲ, ಆಗಬೇಕು ಎಂದುಕೊಂಡಾಗಲೇ ಬನ್ನಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಯಾವ ವಾಲ್ವ್ ಹಾಕಿದ್ದರೂ, ಆ ಗಂಟಲು ಸೋಂಕು ಮತ್ತೆ ಬಾರದಂತೆ ಮೂರು ವಾರಕ್ಕೊಮ್ಮೆ ತೆಗೆದುಕೊಳ್ಳುವ ಪೆನಿಸಿಲಿನ್ ಇಂಜೆಕ್ಷನ್ ಆಪರೇಷನ್ ಆಯಿತೆಂದು ಮುಗಿಯುವುದಿಲ್ಲ. ಉಳಿದ ವಾಲ್ವ್‌ಗಳು ಇನ್ನೂ ನಿಮ್ಮವೇ. ಎಷ್ಟು ವರ್ಷ ತೆಗೆದುಕೊಳ್ಳಬೇಕು ಎಂದು ನಿಮ್ಮ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಊರಿಗೆ ಹೋಗುವಾಗ ಆ ಚೀಟಿ ಬ್ಯಾಗಿನಲ್ಲಿರಲಿ, ಅಲ್ಲಿನ ಆಸ್ಪತ್ರೆಯಲ್ಲೂ ಇಂಜೆಕ್ಷನ್ ಹಾಕಿಸಿಕೊಳ್ಳಬಹುದು.