ಗುಂಡಿನ ‘ಪರಿಣಾಮಕಾರಿ ದೂರ’ ಹಿಗ್ಗಿ ಕುಗ್ಗಿದ ಬಗೆ

ಕಲಬುರಗಿ ಕೋಟೆಯ ಬಾರಾ ಗಜಿ ತೋಪನ್ನು ನೋಡಲು ಬಂದವರು ಅದರ ಉದ್ದ ಸುಮಾರು 29 ಅಡಿ ಎಂದು ತಿಳಿದ ಕೂಡಲೇ ಕೇಳುವ ಮರುಪ್ರಶ್ನೆ, ಗುಂಡು ಎಷ್ಟು ದೂರ ಹೋಗುತ್ತಿತ್ತು ಎಂಬುದು. ಪೊಲೀಸ್ ಮತ್ತು ಸೇನಾ ನೇಮಕಾತಿಗೆ ತಯಾರಿ ನಡೆಸುತ್ತಿರುವ ಈ ಭಾಗದ ಯುವಕರು ರೈಫಲ್‌ಗಳ ಬಗ್ಗೆ ಅದನ್ನೇ ಕೇಳುತ್ತಾರೆ, ಆದರೆ ಅವರಿಗೆ ಸಿಗುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಳೆಯ ತ್ರೀ ನಾಟ್ ತ್ರೀ (.303) ಬಂದೂಕಿನ ಸೈಟ್ ಪಟ್ಟಿಯ, ಅಂದರೆ ದೂರಕ್ಕೆ ತಕ್ಕಂತೆ ಗುರಿ ಹಿಡಿಯುವ ಪಟ್ಟಿಯ ಮೇಲೆ 2000 ಗಜದವರೆಗೆ ಗೆರೆಗಳಿವೆ, ನಮ್ಮಲ್ಲೇ ರೂಪಿಸಿದ ಇನ್ಸಾಸ್ ರೈಫಲ್ಲಿನ ‘ಪರಿಣಾಮಕಾರಿ ದೂರ’, ಅಂದರೆ ಒಬ್ಬ ಸಿಪಾಯಿ ಗುರಿಯಿಟ್ಟು ಹೊಡೆದರೆ ತಾಗುವುದೆಂದು ನಂಬಬಹುದಾದ ದೂರ, 400 ಮೀಟರ್ ಎನ್ನುತ್ತಾರೆ, ಈಗ ಸೇನೆಗೆ ಬರುತ್ತಿರುವ ಎಕೆ-203ಕ್ಕೆ ಸರ್ಕಾರಿ ಪ್ರಕಟಣೆಯೇ 300 ಮೀಟರ್ ಎಂದು ಹೇಳಿದೆ. ಬಂದೂಕು ಹೊಸದಾದಷ್ಟೂ ದೂರ ಕಡಿಮೆಯಾದಂತೆ ತೋರುವ ಈ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅಳೆಯುತ್ತಿರುವುದು ಮೂರೂ ಕಡೆ ಒಂದೇ ಅಲ್ಲ.

ಒಳಗೆ ಗೀರುಗಳಿಲ್ಲದ ನುಣುಪಾದ ನಳಿಗೆಯ ಬಂದೂಕಿನಿಂದ ನೂರು ಗಜದಾಚೆಗೆ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತಾಗಿತ್ತು. ನಳಿಗೆಯೊಳಗೆ ಸುರುಳಿ ಗೀರು ಕೊರೆದರೆ ಗುಂಡು ತಿರುಗುತ್ತ ನೆಟ್ಟಗೆ ಸಾಗುತ್ತದೆ ಎಂಬುದು ಬಹಳ ಹಿಂದೆಯೇ ಗೊತ್ತಿತ್ತಾದರೂ, ಗೀರಿಗೆ ಕಚ್ಚಿಕೊಳ್ಳುವಷ್ಟು ಬಿಗಿಯಾದ ಗುಂಡನ್ನು ಮೂತಿಯಿಂದ ಬಡಿದು ಇಳಿಸುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಸಡಿಲವಾಗಿ ಇಳಿದು, ಮದ್ದು ಹೊತ್ತಿದಾಗ ಬುಡ ಅಗಲಿಸಿಕೊಂಡು ಗೀರಿಗೆ ಕೂರುವ ಗುಂಡನ್ನು ಫ್ರಾನ್ಸಿನ ಮಿನಿಯೆ 1840ರ ದಶಕದಲ್ಲಿ ರೂಪಿಸಿದ ಮೇಲೆ ಆ ತೊಡಕು ನೀಗಿತು. ಅದೇ ತತ್ವದ 1853ರ ಎನ್‌ಫೀಲ್ಡ್ ರೈಫಲ್ಲಿನ ಕಾಡತೂಸು 1857ರ ಬಂಡಾಯಕ್ಕೆ ಕಿಡಿಯಾಯಿತು. ಮರುವರ್ಷದ ಫೆಬ್ರವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ನಿಂತ ಹೊತ್ತಿಗೆ, ನೂರು ಗಜದ ಬಂದೂಕು ಮತ್ತು 900 ಗಜದವರೆಗೆ ಸೈಟ್ ಗುರುತುಳ್ಳ ರೈಫಲ್ ಎರಡೂ ಒಂದೇ ದೇಶದಲ್ಲಿ ಬಳಕೆಯಲ್ಲಿದ್ದವು.

ಇಂದಿನ ಗೊಂದಲದ ಬೇರು ಇರುವುದು .303ರ ಕಾಲದಲ್ಲಿ. 1888ರಲ್ಲಿ ಈ ತೋಟಾ (ಕಾಡತೂಸು) ಹೊರಬಂದಾಗ ಅದರೊಳಗೆ ಇನ್ನೂ ಕರಿಮದ್ದೇ ಇತ್ತು. ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲಿ ಕಂಡುಹಿಡಿದ ಹೊಗೆರಹಿತ ಮದ್ದಿನ ದಾರಿಯಲ್ಲೇ ಬಂದ ಕಾರ್ಡೈಟ್ ಕೆಲವೇ ವರ್ಷಗಳಲ್ಲಿ ಅದರ ಜಾಗ ಹಿಡಿಯಿತು. ಮೊದಲಿನ ಗುಂಡುಗಳ ಮೂತಿ ದುಂಡಗಿತ್ತು. 13.9 ಗ್ರಾಂ ತೂಕದ ಅಂಥ ಗುಂಡು ಸೆಕೆಂಡಿಗೆ ಸುಮಾರು 628 ಮೀಟರ್ ವೇಗದಲ್ಲಿ ಹೊರಟು, ಗಾಳಿಯ ತಡೆಗೆ ಸಿಕ್ಕಿ ಬೇಗನೆ ವೇಗ ಕಳೆದುಕೊಳ್ಳುತ್ತಿತ್ತು. ಜರ್ಮನರು 1905ರಲ್ಲಿ ಚೂಪು ಮೂತಿಯ ಹಗುರ ಗುಂಡಿಗೆ ಬದಲಾದರು. ಬ್ರಿಟಿಷರು 1910ರಲ್ಲಿ 11.3 ಗ್ರಾಂನ, 744 ಮೀಟರ್ ವೇಗದ ಚೂಪು ಗುಂಡನ್ನು ತಂದು ಅದಕ್ಕೆ ಮಾರ್ಕ್ 7 ಎಂದು ಹೆಸರಿಟ್ಟರು. ಅದರ ಮೂತಿಯ ಒಳಗೆ ಸೀಸದ ಬದಲು ಅಲ್ಯೂಮಿನಿಯಂ ಇಲ್ಲವೇ ಮರದ ತಿರುಳು ತುಂಬಿರುತ್ತಿದ್ದುದರಿಂದ ಭಾರವೆಲ್ಲ ಹಿಂಬದಿಗೆ ಬಿದ್ದು, ದೇಹಕ್ಕೆ ತಗುಲಿದೊಡನೆ ಗುಂಡು ಪಲ್ಟಿ ಹೊಡೆಯುತ್ತಿತ್ತು. ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯ ಅರಳುವ ಗುಂಡಿನ ಬಗೆಯನ್ನು 1899ರ ಹೇಗ್ ಘೋಷಣೆ ನಿಷೇಧಿಸಿದ್ದ ಮೇಲೆ ಬಂದದ್ದು ಇದು. ಗುಂಡು ಅರಳಲಿಲ್ಲ, ಆದ್ದರಿಂದ ಘೋಷಣೆಯ ಅಕ್ಷರಕ್ಕೆ ಭಂಗವಾಗಲಿಲ್ಲ.

ಚೂಪು ಮೂತಿಯಿಂದ ಗುಂಡಿನ ಹಾದಿ ಹೆಚ್ಚು ಸಪಾಟಾಯಿತೇ ಹೊರತು ನೇರವಾಗಲಿಲ್ಲ. 300 ಮೀಟರ್ ದಾಟಲು ಮಾರ್ಕ್ 7ಕ್ಕೆ ಅರ್ಧ ಸೆಕೆಂಡಿನಷ್ಟು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಅದು ನಳಿಗೆಯ ನೇರದಿಂದ ಸುಮಾರು ಒಂದು ಮೀಟರ್ ಕೆಳಗಿಳಿದಿರುತ್ತದೆ. ದೂರ 600 ಮೀಟರ್ ಆದರೆ ಇಳಿತ ಇಮ್ಮಡಿಯಾಗುವುದಿಲ್ಲ, ಐದು ಮೀಟರ್ ಮೀರುತ್ತದೆ. ಹಿಂದಿನ ಸೈಟನ್ನು ಏರಿಸುವುದೆಂದರೆ ಈ ಇಳಿತಕ್ಕೆ ತಕ್ಕಂತೆ ನಳಿಗೆಯ ಮೂತಿಯನ್ನು ಎತ್ತುವುದು. ದೂರವನ್ನು ಐವತ್ತು ಮೀಟರ್ ತಪ್ಪಾಗಿ ಅಂದಾಜಿಸಿದರೆ 200 ಮೀಟರಿನಲ್ಲಿ ನಡೆದುಹೋಗುತ್ತದೆ, 600ರಲ್ಲಿ ಗುಂಡು ತಲೆಯ ಮೇಲೆ ಹಾರುತ್ತದೆ ಇಲ್ಲವೇ ನೆಲ ಕಚ್ಚುತ್ತದೆ. ಹಾಗಿದ್ದರೂ 2000 ಗಜದ ಗುರುತು ಏಕೆ ಎಂದರೆ, ಅದು ಒಬ್ಬ ಸಿಪಾಯಿಯ ಗುರಿಗಾಗಿ ಇದ್ದದ್ದಲ್ಲ. ಇಡೀ ತುಕಡಿ ಒಂದೇ ಕಡೆ ಒಟ್ಟಿಗೆ ಗುಂಡು ಹಾರಿಸಿ ದೂರದ ಗುಂಪಿನ ಮೇಲೆ ಮಳೆಗರೆಯುವುದಕ್ಕಾಗಿ ಮಾಡಿದ್ದು ಅದು. ಮಷಿನ್ ಗನ್ ಬಂದ ಮೇಲೆ ಆ ಪದ್ಧತಿ ಸತ್ತಿತು. ಗುರುತು ಮಾತ್ರ ಉಳಿಯಿತು.

ಎಷ್ಟು ಕಾಲ ಉಳಿಯಿತೆಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ, ಅಂದರೆ ಕಲಬುರಗಿ, ಬೀದರ್‌ಗಳಿಗೂ, ಬಂದ ಭಾರತೀಯ ಸೇನೆಯ ಪದಾತಿಗಳ ಹೆಗಲಲ್ಲಿದ್ದದ್ದು .303. 1962ರ ಚೀನಾ ಯುದ್ಧದಲ್ಲೂ ಬಹುಪಾಲು ಅದೇ. ಆಮೇಲೆ ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆ ಅದೇ ಎನ್‌ಫೀಲ್ಡ್ ಮಾದರಿಯನ್ನು 7.62 ಮಿ.ಮೀ. ತೋಟಾಕ್ಕೆ ಹೊಂದಿಸಿ 2ಎ ರೈಫಲ್ ಮಾಡಿದಾಗ, ಎರಡು ಗುಂಡುಗಳ ಹಾದಿ ಹೆಚ್ಚು ಕಡಿಮೆ ಒಂದೇ ಎಂದು ಹಳೆಯ 2000ದ ಸೈಟನ್ನೇ ಉಳಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಬಂದ 2ಎ1 ಮಾದರಿಯಲ್ಲಿ ಅದು 800 ಮೀಟರಿಗೆ ಇಳಿಯಿತು. ತೋಟಾ ಅದೇ, ನಳಿಗೆ ಅದೇ. ಬದಲಾದದ್ದು ಸಿಪಾಯಿಯಿಂದ ಏನನ್ನು ನಿರೀಕ್ಷಿಸಬಹುದು ಎಂಬ ತಿಳಿವಳಿಕೆ.

ಎರಡನೆಯ ಮಹಾಯುದ್ಧದ ಅನುಭವದಿಂದ, ರೈಫಲ್ ಕಾಳಗಗಳು ಬಹುತೇಕ 300 ಮೀಟರಿನೊಳಗೆ ನಡೆಯುತ್ತವೆ ಎಂಬ ತೀರ್ಮಾನಕ್ಕೆ ಹಲವು ದೇಶಗಳು ಬಂದವು. ರಷ್ಯನ್ನರ 7.62×39 ತೋಟಾ (ಮೊದಲ ಅಂಕಿ ಗುಂಡಿನ ದಪ್ಪ, ಎರಡನೆಯದು ತೋಟಾ ಕೋಶದ ಉದ್ದ, ಎರಡೂ ಮಿ.ಮೀ.ಗಳಲ್ಲಿ) ಹುಟ್ಟಿದ್ದು ಆ ಯೋಚನೆಯಲ್ಲಿ. ನಾಲ್ಕು ಗ್ರಾಂ ಗುಂಡಿನ 5.56 ಬಂದದ್ದೂ ಅದೇ ಜಾಡಿನಲ್ಲಿ. 2ಎ ರೈಫಲ್ಲಿನಲ್ಲಿದ್ದ 7.62×51 ತೋಟಾ ಒಂದು ಸುಮಾರು 24 ಗ್ರಾಂ ತೂಗಿದರೆ 5.56 ಅದರ ಅರ್ಧ, ಅಂದರೆ ಅಷ್ಟೇ ಭಾರಕ್ಕೆ ಎರಡರಷ್ಟು ತೋಟಾ. ಭಾರತ 1990ರ ದಶಕದಲ್ಲಿ ಇನ್ಸಾಸ್ ಮೂಲಕ ಇದನ್ನು ಒಪ್ಪಿಕೊಂಡಿತು. 2019ರಲ್ಲಿ 72,400 ಅಮೆರಿಕದ ಸಿಗ್ 716 ರೈಫಲ್‌ಗಳಿಗೆ ಒಪ್ಪಂದವಾದಾಗ 7.62×51ಕ್ಕೇ ಮರಳಿತು. 2021ರಲ್ಲಿ ಅಮೇಠಿಯ ಕೊರ್ವಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ-203 ತಯಾರಿಸುವ ಒಪ್ಪಂದದೊಂದಿಗೆ 7.62×39 ಸೇರಿಕೊಂಡಿತು. ಪ್ರತಿ ತಿರುವಿಗೂ ಆ ಕಾಲಕ್ಕೆ ಸರಿಯೆನಿಸುವ ಕಾರಣವಿತ್ತು. ಒಟ್ಟಿಗಿಟ್ಟು ನೋಡಿದರೆ ಮೂರು ಬಗೆಯ ತೋಟಾ, ಮೂರು ಬಗೆಯ ಇಳಿತದ ಲೆಕ್ಕ ಒಂದೇ ಸೇನೆಯಲ್ಲಿವೆ.

ಈ ಚರ್ಚೆಗಳಲ್ಲಿ ಹವೆಯ ಮಾತು ಬರುವುದು ಕಡಿಮೆ. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಗಾಳಿ, ಸಮುದ್ರಮಟ್ಟದ 15 ಡಿಗ್ರಿ ಹವೆಗಿಂತ ನೂರಕ್ಕೆ ಹತ್ತಕ್ಕೂ ಹೆಚ್ಚು ಪಾಲು ತೆಳುವಾಗಿರುತ್ತದೆ. ತಡೆ ಕಡಿಮೆಯಾಗಿ, ಕಾದ ಮದ್ದು ತುಸು ಜೋರಾಗಿ ಉರಿದು, ಗುಂಡು ಗುರಿಗಿಂತ ಮೇಲೆ ತಾಗುತ್ತದೆ. ಕರಿನೆಲದ ಮೇಲೆ ಏಳುವ ಬಿಸಿಗಾಳಿಯಲ್ಲಿ ಗುರಿಹಲಗೆಯೇ ನಡುಗಿದಂತೆ ಕಾಣುತ್ತದೆ. 200 ಮೀಟರಿನಲ್ಲಿ ಇದರ ಪರಿಣಾಮ ಗಮನಕ್ಕೆ ಬರುವುದಿಲ್ಲ, 600ರಲ್ಲಿ ಗುರಿ ತಪ್ಪಿಸಲು ಇಷ್ಟು ಸಾಕು. ಅದನ್ನು ಕಲಿಯಲು ತೋಟಾ ಸುಡುವುದು ಬಿಟ್ಟರೆ ಬೇರೆ ಹಾದಿಯಿಲ್ಲ. ಹೊಸ ರೈಫಲ್ಲಿನ ದೂರದ ಬಗ್ಗೆ ನಡೆಯುವಷ್ಟು ಚರ್ಚೆ, ಒಬ್ಬ ಸಿಪಾಯಿಗೆ ವರ್ಷಕ್ಕೆ ಅಭ್ಯಾಸಕ್ಕೆಂದು ಸಿಗುವ ತೋಟಾಗಳ ಬಗ್ಗೆಯೂ ನಡೆಯಬೇಕಿತ್ತು. ಅಭ್ಯಾಸಕ್ಕೆ ನೆಲವೂ ಬೇಕು: ಗುರಿ 300 ಮೀಟರಿನಲ್ಲಿದ್ದರೂ ಎತ್ತಿ ಹೊಡೆದ ರೈಫಲ್ ಗುಂಡು ಮೂರು ಕಿಲೋಮೀಟರಿನಷ್ಟು ಹೋಗಬಲ್ಲದು. ಆದ್ದರಿಂದ ಗುಡ್ಡದ ಆಸರೆಯಿಲ್ಲದ ಬಯಲು ಸೀಮೆಯಲ್ಲಿ ಫೈರಿಂಗ್ ರೇಂಜ್ ಎಂದರೆ ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬವನ್ನು ಏರಿಸಿ, ಅದರಾಚೆಗೂ ದೂರದವರೆಗೆ ಜನ, ದನ ಸುಳಿಯದ ಜಾಗ ಬಿಡುವುದು.